ಚನ್ನಬಸವ್ವನ ಹೆಸರು ಹಾಕ್ರಿ

ದುಬೈನ ಜುಮೇರಾದ ಆ ವಿಲ್ಲಾದ ಬಾಗಿಲು ತೆರೆದ ಬಿಳಿಯ ಗಂಡಸು ನೀಲಾಂಬಿಕಾಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಹಿತ್ತಿಲ ಬಾಗಿಲಿನ ಕಡೆಗೆ ಬೆರಳು ತೋರಿಸಿದ. ಮನೆಗೆಲಸಕ್ಕೆ ಬಂದವಳು ಅಂದುಕೊಂಡಿದ್ದ.

"ನಾನು ಸಭೆಗೆ ಬಂದಿದ್ದೇನೆ," ಎಂದು ನೀಲಾಂಬಿಕಾ ಇಂಗ್ಲಿಷಿನಲ್ಲಿ ಹೇಳಿದಳು.

"ಇದು ಇಂಗ್ಲಿಷ್ ಮನೆತನಗಳ ಮೂಲ ಹುಡುಕುವವರ ಸಭೆ, ಮೇಡಂ."

"ಅದಕ್ಕೇ ಬಂದದ್ದು. ನನ್ನ ಮುತ್ತಜ್ಜ ಇಂಗ್ಲೆಂಡಿನವನು."

ಆತ ಬಾಗಿಲು ಬಿಟ್ಟು ಸರಿಯಲಿಲ್ಲ. ಆಕೆಯೂ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ಕೊನೆಗೆ ಒಳಗಿನಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದು ಬಂದು, "ಟ್ರೆವರ್, ಆಕೆಯನ್ನು ಬಿಸಿಲಿನಲ್ಲಿ ನಿಲ್ಲಿಸಬೇಡ," ಎಂದು ಗದರಿ ನೀಲಾಂಬಿಕಾಳ ಕೈ ಹಿಡಿದು ಒಳಗೆ ಕರೆದಳು. ಆಕೆಯ ಹೆಸರು ಡೊರೀನ್. ಗಂಡ ದುಬೈನಲ್ಲಿ ಎಂಜಿನಿಯರ್. ತಾನು ಹಿಂದೆ ಲ್ಯಾಂಕಾಶೈರಿನಲ್ಲಿ ಶಾಲಾ ಟೀಚರ್ ಆಗಿದ್ದವಳು. ಸೂಪರ್ ಮಾರ್ಕೆಟ್ಟಿನ ಬೋರ್ಡಿನ ಮೇಲೆ ಸೋಫಾ, ಸೆಕೆಂಡ್ ಹ್ಯಾಂಡ್ ಕಾರುಗಳ ಚೀಟಿಗಳ ನಡುವೆ ಈ ಸಭೆಯ ಚೀಟಿ ಅಂಟಿಸಿದ್ದವಳೂ ಅವಳೇ.

ಇದು ನಡೆದದ್ದು ಎರಡು ಸಾವಿರದ ಮೂರರಲ್ಲಿ. ನೀಲಾಂಬಿಕಾಗೆ ಆಗ ನಲವತ್ತೈದು ದಾಟಿತ್ತು. ಕರಾಮಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ. ಗಂಡ ಸಂಗಪ್ಪ ಜೆಬೆಲ್ ಅಲಿಯ ಒಂದು ಗೋದಾಮಿನ ಸೂಪರ್‌ವೈಸರ್. ಬೆಳಗಾಗುವ ಮೊದಲೇ ಕಂಪನಿ ಬಸ್ಸು ಹತ್ತಿದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ಸಾಕ್ಷಿ ಕಾಲೇಜಿನಲ್ಲಿ ಓದುತ್ತಿದ್ದಳು.

ಗೋಕಾಕ ಸೀಮೆಯಲ್ಲಿ ನೀಲಾಂಬಿಕಾಳ ತವರಿನವರನ್ನು ಜನ ಬೆನ್ನ ಹಿಂದೆ ಕರೆಯುತ್ತಿದ್ದದ್ದು 'ಹರಮಟ್ಟಿಯವರು' ಎಂದು. ಆಕೆಯ ತಾಯಿಯ ಕಡೆಯ ಎಲ್ಲರಿಗೂ ತಿಳಿಹಸಿರು ಕಣ್ಣು. ಮುತ್ತಜ್ಜಿ ಚನ್ನಬಸವ್ವ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಯಂತ್ರಗಳ ಉಸ್ತುವಾರಿಗೆ ಬಂದಿದ್ದ ಹರಮಟ್ಟಿ ಸಾಹೇಬ ಆಕೆಯನ್ನು ಬಂಗಲೆಯಲ್ಲಿ ಇಟ್ಟುಕೊಂಡಿದ್ದ. ಇಬ್ಬರು ಮಕ್ಕಳಾದ ಮೇಲೆ ಒಂದು ದಿನ ಹಡಗು ಹತ್ತಿ ಹೋದ. ಮನೆಯವರು ಆಕೆ ಬದುಕಿರುವಾಗಲೇ ಸತ್ತಳೆಂದು ತಲೆಗೆ ನೀರು ಹಾಕಿಕೊಂಡರು. ಆಕೆ ತುಟಿ ಪಿಟಕ್ಕೆನ್ನದೆ, ಊರ ಹೊರಗಿನ ಗುಡಿಸಿಲಲ್ಲಿ ಮುಸುಕು ಹೊದ್ದು ಸತ್ತಳು. ಇಷ್ಟೇ ಕಥೆ. ಶಾಲೆಯಲ್ಲಿ ಹುಡುಗಿಯರು ನೀಲಾಂಬಿಕಾಳ ಕಣ್ಣು ನೋಡಿ ಕಿಸಕ್ಕೆನ್ನುತ್ತಿದ್ದರು. ಮದುವೆಯಾದಾಗ ಸಂಗಪ್ಪನ ಅಣ್ಣ ಓಂಕಾರಪ್ಪ ಆಕೆಯನ್ನು ಕೂರಿಸಿಕೊಂಡು, "ಹಿಂದಿನ ಮಾತು ಹಿಂದಕ್ಕ ಇರ್ಲಿ, ತಂಗಿ. ನಮ್ಮ ಮನಿಯಾಗ ಅದರ ಹೆಸರು ಎತ್ತಬ್ಯಾಡ," ಎಂದಿದ್ದ. ಆಕೆ ಎತ್ತಲಿಲ್ಲ.

ಆದರೆ ಎರಡು ಸಾವಿರದ ಎರಡರಲ್ಲಿ ತಾಯಿ ತೀರಿಕೊಂಡಾಗ ಊರಿಗೆ ಹೋದಳಲ್ಲ, ಮಣ್ಣಿಗೆ ಇಳಿಸುವ ಹೊತ್ತಿನಲ್ಲಿ ಹಿಂದಿನಿಂದ ಯಾರೋ, "ಹರಮಟ್ಟಿ ರಕ್ತ ಇಲ್ಲಿಗೆ ಮುಗೀತು," ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಆಕೆ ತಿರುಗಿ ನೋಡಿದಳು. ಎಲ್ಲರೂ ಕಣ್ಣು ಕೆಳಗೆ ಹಾಕಿದರು. "ಮುಗಿದಿಲ್ಲ. ನಾ ಇನ್ನೂ ಇದ್ದೀನಿ," ಎಂದಳು ಗಟ್ಟಿಯಾಗಿ, ತಾಯಿಯ ಗುಂಡಿಯ ಅಂಚಿನಲ್ಲಿ ನಿಂತು. ದುಬೈಗೆ ಮರಳಿದ ಮೇಲೂ ಆ ಸಿಟ್ಟು ಇಳಿಯಲಿಲ್ಲ. ಬೋರ್ಡಿನ ಮೇಲಿನ ಚೀಟಿ ಕಂಡದ್ದು ಆ ಸಿಟ್ಟಿನಲ್ಲೇ.

ಸಭೆ ಸೇರುತ್ತಿದ್ದದ್ದು ರಜೆಯ ದಿನವಾದ ಶುಕ್ರವಾರ. ಮೊದಲ ಕೆಲವು ವಾರ ಏನೂ ಸಿಗಲಿಲ್ಲ. ಇಂಗ್ಲೆಂಡಿನ ಹಳೆಯ ಜನಗಣತಿ ಆಗಷ್ಟೇ ಇಂಟರ್ನೆಟ್ಟಿಗೆ ಬಂದಿತ್ತು. ಉಳಿದವರು ತಮ್ಮ ತಾತ ಮುತ್ತಾತಂದಿರ ಹೆಸರು ಹೊಡೆದು ಅವರು ಯಾವ ಬೀದಿಯಲ್ಲಿದ್ದರು, ಯಾರು ಚಮ್ಮಾರ, ಯಾರು ಗಣಿಯವನು ಎಂದು ಓದಿ ನಗುತ್ತಿದ್ದರೆ, ನೀಲಾಂಬಿಕಾ 'ಹರಮಟ್ಟಿ' ಎಂಬುದನ್ನು ಎಷ್ಟು ರೀತಿ ಬರೆಯಬಹುದೋ ಅಷ್ಟೂ ರೀತಿ ಬರೆದು ಸೋತಳು. ಒಂದು ದಿನ ಡೊರೀನ್ ಕಾಫಿ ಕಪ್ಪು ಕೆಳಗಿಟ್ಟು ಕೇಳಿದಳು: "ಬರೆಯಬೇಡ. ನಿಮ್ಮ ಅಜ್ಜಿ ಹೇಗೆ ಅನ್ನುತ್ತಿದ್ದಳೋ ಹಾಗೆ ಬಾಯಲ್ಲಿ ಹೇಳು."

"ಹರಮಟ್ಟೀಜ ಸಾಹೇಬ."

ಡೊರೀನ್ ಆ ಮಾತನ್ನು ಎರಡು ಸಲ ತನ್ನ ನಾಲಿಗೆಯಲ್ಲಿ ಹೊರಳಿಸಿದಳು. ಆಮೇಲೆ ಜೋರಾಗಿ ನಕ್ಕಳು. "ಆರ್ಮಿಟೇಜ್! ನಮ್ಮ ಕಡೆ ಕಲ್ಲೆಸೆದರೆ ಒಬ್ಬ ಆರ್ಮಿಟೇಜ್‌ಗೆ ತಾಗುತ್ತದೆ."

ಗೋಕಾಕದ ಗಿರಣಿಯಲ್ಲಿದ್ದ ಆರ್ಮಿಟೇಜ್ ಯಾರೆಂದು ಕೇಳಿ ಡೊರೀನ್ ತನ್ನೂರಿನ ಲೈಬ್ರರಿಗೆ ಇ-ಮೇಲ್ ಬರೆದಳು. ಅಲ್ಲಿಯ ಹಳೆಯ ವಾರಪತ್ರಿಕೆಗಳಿಂದ ಲೈಬ್ರರಿಯವರು ಒಂದು ಸಾವಿನ ಸುದ್ದಿ ತೆಗೆದು ಕಳಿಸಿದರು. ಜೋಸೆಫ್ ಆರ್ಮಿಟೇಜ್, ಹತ್ತಿಗಿರಣಿಯ ಮೇಸ್ತ್ರಿ, ಬೊಂಬಾಯಿ ಪ್ರಾಂತ್ಯದ ಗೋಕಾಕದಲ್ಲಿ ಅನೇಕ ವರ್ಷ ಇದ್ದವನು. ಆ ಸುಡುಬಿಸಿಲಿನ ನಾಡಿನಲ್ಲಿ ಒಂಟಿಯಾಗಿ ಕಷ್ಟಪಟ್ಟವನು. ತಾಯ್ನಾಡಿಗೆ ಮರಳಿದ ಮೇಲೆ ಮದುವೆಯಾಗಿ ಮೂವರು ಗಂಡುಮಕ್ಕಳನ್ನು ಪಡೆದವನು. ಚರ್ಚಿನ ಗಾಯನ ಮೇಳದಲ್ಲಿ ಹಾಡುತ್ತಿದ್ದವನು.

'ಒಂಟಿಯಾಗಿ' ಎಂಬ ಪದದ ಮೇಲೆ ನೀಲಾಂಬಿಕಾ ಬೆರಳಿಟ್ಟಳು.

ಆ ಮೂವರು ಮಕ್ಕಳಲ್ಲಿ ಒಬ್ಬನ ಮೊಮ್ಮಗ ಕಾಲಿನ್ ಆರ್ಮಿಟೇಜ್ ಎಂಬಾತ ತಮ್ಮ ಮನೆತನದ ವಂಶವೃಕ್ಷವನ್ನು ಒಂದು ವೆಬ್‌ಸೈಟಿನಲ್ಲಿ ಹಾಕಿದ್ದ. ನೀಲಾಂಬಿಕಾ ಅವನಿಗೆ ಬರೆದಳು: ಜೋಸೆಫನಿಗೆ ಚನ್ನಬಸವ್ವ ಎಂಬುವಳಲ್ಲಿ ಒಬ್ಬ ಮಗಳು, ಒಬ್ಬ ಮಗ ಇದ್ದರು, ಆ ಮಗಳ ಮೊಮ್ಮಗಳು ನಾನು, ನಿಮ್ಮ ವೃಕ್ಷದಲ್ಲಿ ಅವರ ಹೆಸರು ಸೇರಿಸಿ. ಉತ್ತರ ಬಹಳ ಸಭ್ಯವಾಗಿತ್ತು. ಇಂಥ ಕಥೆಗಳು ಹಿಂದೂಸ್ತಾನದಲ್ಲಿ ಬಹಳ ಇವೆ, ಮದುವೆಯ ದಾಖಲೆ ಇಲ್ಲ, ಮಕ್ಕಳ ದೀಕ್ಷಾಸ್ನಾನದ ದಾಖಲೆ ಇಲ್ಲ, ದಾಖಲೆ ಇಲ್ಲದ್ದನ್ನು ತಾನು ಸೇರಿಸಲಾರೆ. ಬ್ರಿಟಿಷ್ ಪಾಸ್‌ಪೋರ್ಟಿನ ಆಸೆಯಿಂದ ಬರೆದಿದ್ದರೆ ವಕೀಲರನ್ನು ಕಾಣುವುದು ಒಳ್ಳೆಯದು.

ಅದನ್ನು ಓದಿದ ಸಾಕ್ಷಿ, "ಸೋ ರೂಡ್! ಬಿಟ್ಟಬಿಡು ಮಮ್ಮಿ," ಎಂದಳು.

"ಯಾಕ ಬಿಡ್ಲಿ? ನಂಗ ಅವನ ಪಾಸ್‌ಪೋರ್ಟ್ ಬ್ಯಾಡ, ಅವನ ದೇಶಾನೂ ಬ್ಯಾಡ. ದಾಖಲೆ ಬರಿಯೋ ಪೆನ್ನು ಯಾರ ಕೈಯಾಗ ಇತ್ತಂತ? ಅವರ ಕೈಯಾಗ ಇತ್ತು. ಬರೀಲಿಲ್ಲ. ಈಗ ದಾಖಲೆ ಎಲ್ಲಿ ಅಂತ ನಮ್ಮನ್ನ ಕೇಳ್ತಾರ!"

ಸುದ್ದಿ ಹೇಗೋ ಅಬುಧಾಬಿಯಲ್ಲಿದ್ದ ಓಂಕಾರಪ್ಪನಿಗೆ ಮುಟ್ಟಿತು. ಗಲ್ಫಿಗೆ ತಮ್ಮನನ್ನು ಕರೆಸಿ ವೀಸಾ ಮಾಡಿಸಿದವನು ಅವನೇ. ಅವನ ಮಾತಿಗೆ ಮನೆಯಲ್ಲಿ ತೂಕವಿತ್ತು. ಒಂದು ಗುರುವಾರ ಸಂಜೆ ಕಾರು ತಗೊಂಡು ನೇರ ಕರಾಮಾದ ಅವರ ಮನೆಗೆ ಬಂದ. ನೀಲಾಂಬಿಕಾ ಕೊಟ್ಟ ಚಹಾ ಮುಟ್ಟಲಿಲ್ಲ.

"ಸಂಗ್ಯಾ, ಏನ ನಡಸೀರಿ ನೀವು? ಸೂಳೇರ ಸುದ್ದಿ ತಗೊಂಡು ಬಿಳಿಯರ ಮನಿ ಮನಿ ತಿರಗ್ತಾಳಂತ ಈಕಿ? ನಾಳೆ ಸಾಕ್ಷಿಗೆ ವರ ಬ್ಯಾಡೇನು?"

ಸಂಗಪ್ಪ ತಲೆ ತಗ್ಗಿಸಿ ಕೂತಿದ್ದ. ನೀಲಾಂಬಿಕಾ ಭಾವನ ಎದುರು ಎಂದೂ ಕೂತವಳಲ್ಲ. ಅಂದು ಅಡುಗೆಮನೆಯಿಂದ ಬಂದವಳೇ ಕುರ್ಚಿ ಎಳೆದುಕೊಂಡು ಕೂತಳು.

"ಭಾವಾರ, ಆಕಿ ಸೂಳಿ ಅಲ್ಲ. ನನ್ನ ಮುತ್ತಜ್ಜಿ. ಈ ಮಾತು ಇನ್ನೊಮ್ಮೆ ನನ್ನ ಮನಿಯಾಗ ಬ್ಯಾಡ."

ಓಂಕಾರಪ್ಪ ಎದ್ದ. "ಖಲಾಸ್! ಇದನ್ನ ನಿಲ್ಲಸೋತನಕ ನಾ ಈ ಹೊಸ್ತಿಲ ತುಳಿಯಂಗಿಲ್ಲ," ಎಂದು ಹೊರಟೇ ಹೋದ. ಸಂಗಪ್ಪ ಹೆಂಡತಿಯ ಮೇಲೆ ಕೂಗಲಿಲ್ಲ. ನಾಲ್ಕಾರು ದಿನ ಬಿಟ್ಟು ಒಂದು ಮಾತು ಹೇಳಿದ: "ನೀಲಾ, ಅಣ್ಣ ಇಲ್ಲದಿದ್ರ ನಾ ಇಲ್ಲಿಗೆ ಬರ್ತಿದ್ದಿಲ್ಲ. ನನ್ನ ಸಲುವಾಗಿ ಬಿಡು."

"ನಿಮ್ಮ ಸಲುವಾಗಿ ಇಷ್ಟ ವರ್ಷ ಬಿಟ್ಟಿದ್ದೆ ಅಲ್ರೀ," ಎಂದಳು ಆಕೆ.

ಮರುವರ್ಷ ಬೇಸಿಗೆಗೆ ಡೊರೀನ್ ತನ್ನೂರಿಗೆ ಹೋದಳು. ಲೈಬ್ರರಿಯಲ್ಲಿ ಕೂತು ಜೋಸೆಫ್ ಗೋಕಾಕದಲ್ಲಿದ್ದ ಕಾಲದ ಪತ್ರಿಕೆಗಳನ್ನು ವಾರದಿಂದ ವಾರಕ್ಕೆ ನೋಡುತ್ತ ಹೋದಳು. ಸಿಕ್ಕದ್ದನ್ನು ಫೋಟೋಕಾಪಿ ಮಾಡಿ ಸಂಗಪ್ಪನ ಕಂಪನಿಯ ಪೋಸ್ಟ್ ಬಾಕ್ಸಿನ ವಿಳಾಸಕ್ಕೆ ಕಳಿಸಿದಳು; ದುಬೈನಲ್ಲಿ ಮನೆಬಾಗಿಲಿಗೆ ಅಂಚೆ ಬರುವ ಪದ್ಧತಿ ಇಲ್ಲವಲ್ಲ. ಹೀಗಾಗಿ ಆ ಲಕೋಟೆ ಮೊದಲು ಒಡೆದದ್ದು ಸಂಗಪ್ಪ.

ಅಂದು ಅವನು ಬಸ್ಸಿಳಿದು ಮನೆಗೆ ಬಂದವನೇ ಬೂಟು ಕೂಡ ಬಿಚ್ಚದೆ ಹೆಂಡತಿಯ ಮುಂದೆ ಕಾಗದ ಹಿಡಿದ. "ದಾರಿಯುದ್ದಕ್ಕೂ ಓದೀನಿ. ಮೂರ ಸಲ. ನೀ ಓದು."

ಸಾವಿರದ ಎಂಟುನೂರ ತೊಂಬತ್ತನಾಲ್ಕರ ಪತ್ರಿಕೆ. ತಲೆಬರಹ ತಮಾಷೆಯದು: ಹಿಂದೂಸ್ತಾನದಲ್ಲಿ ನಮ್ಮೂರ ಮೇಸ್ತ್ರಿಯ ಪೇಚಾಟ. ಬೆಳಗಾವಿಯ ಮ್ಯಾಜಿಸ್ಟ್ರೇಟರ ಮುಂದೆ ಚನಬಸೊವಾ ಎಂಬ ಗಿರಣಿ ಹೆಂಗಸು ಎರಡು ಮಕ್ಕಳನ್ನು ಎತ್ತಿಕೊಂಡು ಬಂದು ಜೋಸೆಫ್ ಆರ್ಮಿಟೇಜನ ಮೇಲೆ ದಾವೆ ಹೂಡಿದ್ದಾಳೆ. ವಕೀಲನಿಲ್ಲ. ಕೋರ್ಟಿನ ಹೊರಗೇ ವ್ಯವಹಾರ ಮುಗಿಸಿಕೊಳ್ಳೆಂದು ಮ್ಯಾಜಿಸ್ಟ್ರೇಟರು ಹೇಳಿದರೂ ಆಕೆ ಒಪ್ಪಲಿಲ್ಲ. ತನಗೆ ಏನೂ ಬೇಕಿಲ್ಲ, ಈ ಮಕ್ಕಳು ಯಾರವೆಂದು ಈತ ತನ್ನ ಬಾಯಿಂದ ಎಲ್ಲರಿಗೂ ಕೇಳುವ ಹಾಗೆ ಹೇಳಲಿ, ಅಲ್ಲಿಯವರೆಗೆ ತಾನು ಕದಲುವುದಿಲ್ಲ ಎಂದಳು. ಜವಾನರು ಹೊರಗೆ ಎಳೆದರೆ ಕಟಕಟೆಯ ಕಂಬ ತಬ್ಬಿ ನಿಂತಳು. ಸಭಿಕರು ನಕ್ಕರು. ಕೊನೆಗೆ ಆರೋಪಿಯು ಬಹಳ ಮುಜುಗರದಿಂದ ಮಕ್ಕಳು ತನ್ನವೇ ಎಂದು ಒಪ್ಪಿಕೊಂಡ.

ನೀಲಾಂಬಿಕಾ ಕಾಗದ ಕೆಳಗಿಟ್ಟಳು. ಮುಸುಕು ಹೊದ್ದು ಸತ್ತವಳು! ಊರು ಆಕೆಗೆ ಕಟ್ಟಿದ ಕಥೆಯಲ್ಲಿ ಈ ಕಂಬ ಇರಲೇ ಇಲ್ಲ. ಅಷ್ಟು ದಿನ ಆಕೆಯ ಮೇಲೆ ಕನಿಕರಪಟ್ಟಿದ್ದಕ್ಕೆ ನೀಲಾಂಬಿಕಾಗೆ ನಾಚಿಕೆಯಾಯಿತು. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

"ನಿನ್ನಂಗ ಅದಾಳ," ಎಂದ ಸಂಗಪ್ಪ ಬೂಟು ಬಿಚ್ಚುತ್ತ. "ಹಿಡದದ್ದು ಬಿಡಾಕಿ ಅಲ್ಲ."

ಆ ಚಳಿಗಾಲದಲ್ಲಿ ಶುಕ್ರವಾರದ ಗುಂಪಿನವರು ಒಂದು ಶಾಲೆಯ ಹಾಲಿನಲ್ಲಿ ತಮ್ಮ ತಮ್ಮ ವಂಶವೃಕ್ಷಗಳ ಪ್ರದರ್ಶನ ಇಟ್ಟರು. ನೀಲಾಂಬಿಕಾಳ ದೊಡ್ಡ ಹಾಳೆಯ ನೆತ್ತಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ 'ಚನ್ನಬಸವ್ವ' ಎಂದಿತ್ತು. ಜೋಸೆಫನ ಹೆಸರು ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ. ಕೆಳಗೆ ಪತ್ರಿಕೆಯ ತುಣುಕು. ಸಾಕ್ಷಿ ಕೂತು ಅಕ್ಷರಗಳಿಗೆ ಬಣ್ಣ ತುಂಬಿದ್ದಳು.

ಟ್ರೆವರ್ ಬಂದು ಓದಿ ಕೆಮ್ಮಿದ. "ಕೋರ್ಟು ಕಚೇರಿಯ ವಿಷಯ ಮಕ್ಕಳು ಬರುವ ಜಾಗದಲ್ಲಿ ಬೇಡ. ಇದನ್ನು ಆ ಮೂಲೆಗೆ ಹಾಕೋಣ. ಮೇಲಾಗಿ, ಇದು ಇಂಗ್ಲಿಷ್ ಮನೆತನಗಳ ಪ್ರದರ್ಶನ. ಆರ್ಮಿಟೇಜ್ ಮೇಲಿರಬೇಕು."

"ನಿಮ್ಮ ಹಾಳೆಯಲ್ಲಿ ಕುರಿ ಕದ್ದು ಆಸ್ಟ್ರೇಲಿಯಾಕ್ಕೆ ಗಡಿಪಾರಾದವನೊಬ್ಬ ಇದ್ದಾನಲ್ಲ, ಅವನು ಮೂಲೆಗೆ ಹೋಗುತ್ತಾನೆಯೇ?"

ಟ್ರೆವರ್ ಕೆಂಪಾದ. "ಅದು ಬೇರೆ."

"ಬೇರೆ ಹೌದು. ಅವನು ಕದ್ದ. ಇವಳು ಕದಿಯಲಿಲ್ಲ. ಈ ಹಾಳೆ ಇಲ್ಲಿಂದ ಕದಲುವುದಿಲ್ಲ. ತೆಗೆಯಬೇಕಿದ್ದರೆ ನನ್ನನ್ನು ಎತ್ತಿ ಹೊರಗೆ ಹಾಕಿ ತೆಗೆಯಿರಿ."

ಆಕೆ ಹಾಳೆಗೆ ಬೆನ್ನು ಕೊಟ್ಟು ನಿಂತಳು. ಸಂಗಪ್ಪ ಬಂದು ಆಕೆಯ ಪಕ್ಕದಲ್ಲಿ ನಿಂತ; ಗೋದಾಮಿನಲ್ಲಿ ಮೂಟೆ ಹೊತ್ತ ಭುಜದವನು, ಅರ್ಧ ಗೋಡೆ ಅವನೇ ಆದ. ಡೊರೀನ್ ದೂರದಿಂದ, "ಟ್ರೆವರ್, ಬಂದು ಕೇಕ್ ಕತ್ತರಿಸು," ಎಂದು ಕೂಗಿದಳು. ಹಾಳೆ ಸಂಜೆಯವರೆಗೂ ಅಲ್ಲೇ ಇತ್ತು.

ಓಂಕಾರಪ್ಪನಿಗೂ ಕರೆ ಹೋಗಿತ್ತು. ಅವನು ಬರಲಿಲ್ಲ. ಮುಂದೆ ಎರಡು ವರ್ಷ ಕರಾಮಾದ ಹೊಸ್ತಿಲನ್ನೂ ತುಳಿಯಲಿಲ್ಲ. ಸಾಕ್ಷಿಯನ್ನು ನೋಡಲು ಶಾರ್ಜಾದ ಪ್ರೀತಮ ಎಂಬ ಎಂಜಿನಿಯರ್ ಹುಡುಗನ ಕಡೆಯವರು ಬಂದಾಗ, ಉಪ್ಪಿಟ್ಟಿನ ತಟ್ಟೆ ಕೊಡುವ ಮೊದಲೇ ನೀಲಾಂಬಿಕಾ ಪತ್ರಿಕೆಯ ತುಣುಕು ಕೊಟ್ಟಳು. ಹುಡುಗನ ತಂದೆಯ ಮುಖ ಬಿಗಿಯಿತು. ತಾಯಿ ಮಾತ್ರ ಪೂರಾ ಓದಿಸಿ ಕೇಳಿ, "ಅಯ್ಯ ನಮ್ಮವ್ವ, ಕಂಬ ಹಿಡದ ನಿಂತ್ಲಂತ!" ಎಂದು ಗಲ್ಲಕ್ಕೆ ಕೈ ಹಚ್ಚಿದಳು. ಆ ಸಂಬಂಧ ಮಾತ್ರ ಕುದುರಲಿಲ್ಲ. "ಗುಡ್ ರಿಡನ್ಸ್," ಎಂದ ಸಾಕ್ಷಿ ಮುಂದೆ ತನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬನನ್ನು ಮೆಚ್ಚಿ ಮದುವೆಯಾದಳು. ಆ ಮದುವೆಗೆ ಓಂಕಾರಪ್ಪ ಬಂದ, ಅಕ್ಕಿಕಾಳು ಹಾಕಿದ, ಉಂಡ. ಹಳೆಯ ಮಾತು ಅವನೂ ಎತ್ತಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ.

ಪತ್ರಿಕೆಯ ತುಣುಕನ್ನು ನೀಲಾಂಬಿಕಾ ಕಾಲಿನ್‌ಗೂ ಕಳಿಸಿದ್ದಳು. ಬಹಳ ತಿಂಗಳು ಸುಮ್ಮನಿದ್ದವನು ಒಂದು ದಿನ ತನ್ನ ವೃಕ್ಷದಲ್ಲಿ ಜೋಸೆಫನ ಕೆಳಗೆ ಒಂದು ಸಾಲು ಸೇರಿಸಿದ: 'ಹಿಂದೂಸ್ತಾನದಲ್ಲಿ ಇಬ್ಬರು ಮಕ್ಕಳು.' ತಾಯಿಯ ಹೆಸರಿಲ್ಲ. ಮಕ್ಕಳೇನು ಗಿರಣಿಯಲ್ಲಿ ನೂತು ಬಂದವೇ ಎಂದು ನೀಲಾಂಬಿಕಾ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ವರ್ಷಕ್ಕೊಮ್ಮೆಯಾದರೂ ಬರೆಯುವುದು ರೂಢಿಯಾಯಿತು.

ಎರಡು ಸಾವಿರದ ಎಂಟರ ಒಂದು ಶುಕ್ರವಾರ ಆಕೆ ಹಾಗೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಸಂಗಪ್ಪ ಚಹಾ ಮಾಡಿ ತಂದು ಪಕ್ಕದಲ್ಲಿಟ್ಟ.

"ಮತ್ತ ಅವಗ ಬರ್ಯಾಕತ್ತೀ ಏನು?"

"ಹೂಂರೀ."

"ಈ ಸಲಾನೂ ಹೆಸರ ಹಾಕಲಿಲ್ಲ ಅಂದ್ರ?"

"ಮತ್ತ ಬರೀತೀನಿ," ಎಂದು ನೀಲಾಂಬಿಕಾ ಕಳಿಸುವ ಗುಂಡಿ ಒತ್ತಿ ಚಹಾ ಕೈಗೆತ್ತಿಕೊಂಡಳು.