ಆರನೆಯ ಅಂಶ ಮರೆತ ಆ ಕರೆ

ಕೋವಿಡ್ ಕಳೆದು ಆಫೀಸುಗಳು ಮತ್ತೆ ತೆರೆದಿದ್ದ ಕಾಲ. ನಾನು ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್‌ನಲ್ಲಿ, ಬ್ಯಾಕಪ್ ಸಾಫ್ಟ್‌ವೇರ್ ತಯಾರಿಸುವ ಸಣ್ಣ ಕಂಪನಿಯೊಂದರ ಸಪೋರ್ಟ್ ಎಂಜಿನಿಯರ್. ಪ್ರತಿ ಕರೆಗೂ ಆರು ಅಂಶಗಳ ಚೆಕ್‌ಲಿಸ್ಟ್ ಇತ್ತು. ಕೊನೆಯದು, ಗ್ರಾಹಕರಿಂದ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿಸುವುದು. ನನಗದು ಬಾಯಿಪಾಠವಾಗಿತ್ತು.

ಒಂದು ಮಧ್ಯಾಹ್ನ ಸಿಯಾಟಲ್ ಪಕ್ಕದ ಕೆನ್ಮೋರ್‌ನಿಂದ ಮೂರ್ತಿ ಎಂಬವರು ಕರೆ ಮಾಡಿದರು. ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಎಂಜಿನಿಯರ್. ಗಂಟಲಿನ ಕ್ಯಾನ್ಸರ್, ಮುಂದಿನ ವಾರ ಧ್ವನಿಪೆಟ್ಟಿಗೆ ತೆಗೆಯುವವರಿದ್ದರು. ತಮ್ಮ ಧ್ವನಿ ಹೆಂಡತಿ ವನಜಾಕ್ಷಿಯವರಿಗೆ ಉಳಿಯಲೆಂದು ದಿನವೂ ಮಾತಾಡಿ ರೆಕಾರ್ಡ್ ಮಾಡುತ್ತಿದ್ದರು. ಈಗ ಲ್ಯಾಪ್‌ಟಾಪ್ ತುಂಬಿತ್ತು. ಅಲ್ಲಿ ಅಳಿಸಿದರೂ ಹೊರಗಿನ ಡಿಸ್ಕ್‌ನಲ್ಲಿದ್ದ ನಕಲು ಉಳಿಯಬೇಕು, ಅಷ್ಟೇ ಅವರು ಕೇಳಿದ್ದು.

ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದು ಡಿಸ್ಕ್‌ನಿಂದಲೂ ಅಳಿಯುವಂತಿದ್ದ ಸೆಟ್ಟಿಂಗ್ ಬದಲಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ನನ್ನ ಹೆಸರಿನಿಂದಲೇ ಗುರುತು ಹಿಡಿದು, "ಕನ್ನಡದವರಾ? ಯಾವೂರಪ್ಪಾ?" ಎಂದರು. ನನ್ನದು ತಿಪಟೂರು, ಅವರದು ಅರಸೀಕೆರೆ. ಇನ್ನೇನು ಬೇಕು! ಪ್ಯಾಸೆಂಜರ್ ರೈಲು, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಕಥೆ, ನಗು. ಕೊನೆಗೆ ಅವರೇ ಕೇಳಿದರು:

"ಅಷ್ಟೇನಾ? ಇನ್ನೇನೂ ಮಾಡೋದು ಬೇಡ್ವಾ?"

"ಅಷ್ಟೇ ಸರ್. ಆರಾಮಾಗಿ ಅಳಿಸಿ."

ಊರ ಕಡೆಯವರೆಂಬ ಸಲಿಗೆಯಲ್ಲಿ ಆರನೆಯ ಅಂಶ ತಲೆಯಿಂದ ಹಾರಿಹೋಗಿತ್ತು.

ಮೂರು ವಾರದ ಮೇಲೆ ದಂಪತಿ ಲ್ಯಾಪ್‌ಟಾಪ್ ಹಿಡಿದು ನಮ್ಮ ಆಫೀಸಿಗೇ ಬಂದರು. ಮೂರ್ತಿಯವರ ಕುತ್ತಿಗೆಗೆ ಬಿಳಿ ಬಟ್ಟೆ. ವನಜಾಕ್ಷಿಯವರು ಮೆಲ್ಲಗೆ, "ಡಿಸ್ಕಲ್ಲೂ ಏನೂ ಇಲ್ವಲ್ಲಪ್ಪ" ಎಂದರು.

ತೆರೆಯ ಹಿಂದೆ ನಡೆಯುತ್ತಿರುವ ಕೆಲಸಗಳ ಪಟ್ಟಿಯಾದ ಟಾಸ್ಕ್ ಮ್ಯಾನೇಜರ್ ತೆರೆದೆ. ನಮ್ಮ ಸಾಫ್ಟ್‌ವೇರ್ ಅಲ್ಲಿ ಎರಡು ಬಾರಿ ಕಾಣಿಸಿತು. ಹೊಸ ಸೆಟ್ಟಿಂಗ್‌ನ ಪ್ರೊಸೆಸ್ ಶುರುವಾದಾಗ ಹಳೆಯದು ತಾನೇ ನಿಲ್ಲಬೇಕಿತ್ತು, ನಿಂತಿರಲಿಲ್ಲ. ಅವರು ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದನ್ನೆಲ್ಲ ಅದು ಹಳೆಯ ಆಜ್ಞೆಯಂತೆ ಡಿಸ್ಕ್‌ನಿಂದಲೂ ಅಳಿಸಿತ್ತು. ಅವರು ಲ್ಯಾಪ್‌ಟಾಪ್ ಮುಚ್ಚಿಡುತ್ತಿದ್ದರೇ ಹೊರತು ಆಫ್ ಮಾಡಿರಲಿಲ್ಲ; ಒಮ್ಮೆ ರೀಸ್ಟಾರ್ಟ್ ಮಾಡಿದ್ದರೆ ಅದು ಸಾಯುತ್ತಿತ್ತು. ಅಳಿಸಿದ ಜಾಗದ ಮೇಲೆ ಬೇರೆ ಫೈಲ್‌ಗಳು ಕೂತಿದ್ದವು. ನಾಲ್ಕು ದಿನ ಹೆಣಗಿದೆ. ಒಂದು ವಾಕ್ಯವೂ ಸಿಗಲಿಲ್ಲ. ಇಬ್ಬರನ್ನೂ ಮತ್ತೆ ಕರೆಸಿ, ತಪ್ಪು ನನ್ನದೆಂದು ಹೇಳಿದೆ. ಮೂರ್ತಿಯವರು ಈಗ ಮಾತಿಗೆ ಬದಲಾಗಿ ಬರೆಯುತ್ತಿದ್ದ ಸ್ಲೇಟನ್ನು ಮೇಜಿನ ಮೇಲೆ ಮಗುಚಿಟ್ಟರು. ನಾಚಿಕೆಯಿಂದ ಕುಗ್ಗಿಹೋದೆ.

ಆಗ ನೆನಪಾಯಿತು, ಸಪೋರ್ಟ್ ಕರೆಗಳೆಲ್ಲ ನಮ್ಮಲ್ಲಿ ರೆಕಾರ್ಡ್ ಆಗುತ್ತವೆ. ಮ್ಯಾನೇಜರ್ ಅನುಮತಿ ಪಡೆದು, ಮೂರ್ತಿಯವರ ಅಂದಿನ ಕರೆ ಹಾಕಿ ವನಜಾಕ್ಷಿಯವರಿಗೆ ಹೆಡ್‌ಫೋನ್ ಕೊಟ್ಟೆ. ಹನ್ನೊಂದು ನಿಮಿಷ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಕೇಳಿದರು. ಮೂರ್ತಿಯವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ನನ್ನ ಮಾತು ಕತ್ತರಿಸಿ, ಬರೀ ಅವರದ್ದು ಕೊಡ್ತೀನಿ ಅಮ್ಮ" ಎಂದೆ.

"ಬೇಡಪ್ಪ, ಹಾಗೇ ಇರಲಿ. ಅವರು ನಗ್ತಿರೋದು ನಿನ್ನ ಮಾತಿಗೇ ಅಲ್ವಾ."

ಆ ಕರೆಯನ್ನು ಎರಡು ಡಿಸ್ಕ್‌ಗೆ ನಕಲು ಮಾಡಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಹಳೆಯ ಪ್ರೊಸೆಸ್ ಹೋಗಿದೆಯೇ ಎಂದು ನೋಡಿ, ಫೈಲ್ ತೆರೆದು ಕೇಳಿಸಿ ಕೊಟ್ಟೆ. ಕಣ್ಣಿಗೆ ಕಾಣದ ಕೆಲಸವೂ ನಿಂತಿದೆಯೇ ಎಂದು ನೋಡದೆ ಯಾರಿಗೂ ಧೈರ್ಯ ಹೇಳಬಾರದೆಂದು ಕಲಿತೆ. ಅವರ ಮನೆಯಲ್ಲೀಗ ಮೂರ್ತಿಯವರ ಧ್ವನಿ "ಅಷ್ಟೇನಾ?" ಎಂದು ಕೇಳಿದಾಗಲೆಲ್ಲ, "ಅಷ್ಟೇ ಸರ್" ಎನ್ನುವುದು ನಾನೇ.