ಮುದ್ದಕ್ಕನ ಸಾಕ್ಷಿಗುಡ್ಡೆಗಳು

ಮುದ್ದಕ್ಕ ಹುಟ್ಟಿದ್ದು ಯಾವ ಕೆರೆಯ ಏರಿಯ ಮೇಲೆ ಎಂಬುದು ಅವಳ ಅವ್ವನಿಗೇ ಸರಿಯಾಗಿ ನೆನಪಿರಲಿಲ್ಲ. ಮೊಳಕಾಲ್ಮೂರಿನ ಕಡೆ ಯಾವುದೋ ಕೆರೆ, ಏರಿಗೆ ಮಣ್ಣು ಹೊರುತ್ತಿದ್ದೆ, ಮಧ್ಯಾಹ್ನ ನೋವು ಬಂತು, ಸಾಯಂಕಾಲಕ್ಕೆ ನೀನಿದ್ದೆ ಎಂದಷ್ಟೇ ಹೇಳುತ್ತಿದ್ದಳು. ಮಣ್ಣಿನ ಕೆಲಸದವರ ಬದುಕೇ ಹಾಗೆ. ಮುದ್ದಕ್ಕ ಗಂಡ ಹುಲಿಯಪ್ಪನನ್ನು ಮೊದಲು ಕಂಡದ್ದು ರಾಂಪುರದ ರಸ್ತೆಗೆ ಮಣ್ಣು ಹಾಕುವಾಗ, ಮದುವೆಯಾದದ್ದು ದೇವಸಮುದ್ರದಲ್ಲಿ ಬಾವಿ ತೋಡುವಾಗ. ಅವನನ್ನು ಕಳೆದುಕೊಂಡದ್ದು ಚಳ್ಳಕೆರೆಯಲ್ಲಿ, ಚರಂಡಿಯ ಕೆಲಸ ಅರ್ಧದಲ್ಲಿದ್ದಾಗ, ಎಂಟು ದಿನದ ಜ್ವರಕ್ಕೆ.

ಹುಲಿಯಪ್ಪ ಹೋದ ಮೇಲೆ ಗುಂಪು ಚೆದುರಿ ಹೋಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಹಾಗಾಗಲಿಲ್ಲ. ಮೂವತ್ತು ಜನರ ಆ ಗುಂಪಿನಲ್ಲಿ ಗುಂಡಿಯ ದಂಡೆಗೆ ನಿಂತು ಕಣ್ಣಳತೆಯಲ್ಲೇ ಆಳ ಅಗಲ ಹೇಳುತ್ತಿದ್ದವಳು ಮೊದಲಿನಿಂದಲೂ ಮುದ್ದಕ್ಕನೇ. ಅವಳು ಮೆಲ್ಲಗೆ ಹೇಳಿದ್ದನ್ನು ಹುಲಿಯಪ್ಪ ಗಟ್ಟಿಯಾಗಿ ಕೂಗುತ್ತಿದ್ದ, ಅಷ್ಟೆ. ಅವನ ತಮ್ಮ ಪೆದ್ದಣ್ಣ ಮೂರು ಆಳಿನ ಕೆಲಸ ಒಬ್ಬನೇ ಮಾಡುವಂಥವನು. ತಲೆ ಓಡಿಸುವ ಕೆಲಸ ಮಾತ್ರ ತನ್ನದಲ್ಲ ಎಂದು ಅವನು ಎಂದೋ ತೀರ್ಮಾನಿಸಿಕೊಂಡಿದ್ದ. ಅತ್ತಿಗೆಯನ್ನು ಅವರ ಮನೆಯ ತೆಲುಗಿನಲ್ಲಿ ವದಿನಾ ಎಂದು ಕರೆಯುತ್ತಿದ್ದ. “ಇನ್ಮ್ಯಾಲೆ ನೀನೇ ಮೇಸ್ತ್ರಿ, ವದಿನಾ” ಎಂದು ಗುದ್ದಲಿಯನ್ನು ಹೆಗಲಿಗೇರಿಸಿ ಅವಳ ಹಿಂದೆ ನಿಂತ. ಮಿಕ್ಕವರೂ ನಿಂತರು.

ಆ ಕಾಲದಲ್ಲಿ, ಸಾವಿರದ ಒಂಬೈನೂರ ಒಂಬತ್ತು ಹತ್ತರ ಸುಮಾರಿಗೆ, ಚಳ್ಳಕೆರೆಯಲ್ಲಿ ಊರಿನ ಕೆಲಸ ಗೊತ್ತುಮಾಡುತ್ತಿದ್ದ ಕ್ರಮ ಹೀಗಿತ್ತು. ಮೊದಲು ತಮಟೆ ಬಾರಿಸಿ ಸಾರುವುದು, ಚಾವಡಿಯ ಗೋಡೆಗೆ ಕಾಗದ ಅಂಟಿಸುವುದು. ಬೇಕಾದವರು ತಮ್ಮ ದರ ಬರೆಸಿ, ಲಕೋಟೆಗೆ ಅರಗಿನ ಮುದ್ರೆ ಹಾಕಿ ಕೊಡುವುದು. ಸಂತೆಯ ದಿನ ಎಲ್ಲರೆದುರು ಲಕೋಟೆ ಒಡೆದು ಕಡಿಮೆ ದರದವನಿಗೆ ಕೆಲಸ. ಅವನು ಜಾಮೀನು ಕೊಟ್ಟು ಮುಚ್ಚಳಿಕೆ ಬರೆದುಕೊಡಬೇಕು. ಕೆಲಸ ಮುಗಿದ ಮೇಲೆ ಓವರ್ಸಿಯರ್ ಬಂದು ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು. ಕ್ರಮವೇನೋ ಚೆನ್ನಾಗಿತ್ತು. ಆದರೆ ಪುಸ್ತಕದಲ್ಲಿ ಕಂಟ್ರಾಕ್ಟರನ ಹೆಸರು ಮಾತ್ರ ಇರುತ್ತಿತ್ತು. ಮೂವತ್ತು ವರ್ಷ ಮಣ್ಣು ಹೊತ್ತ ಮುದ್ದಕ್ಕನ ಕೆಲಸವೆಲ್ಲ ಕಂಟ್ರಾಕ್ಟರ್ ಜಂಬುಲಿಂಗಪ್ಪನ ಹೆಸರಿನಲ್ಲಿತ್ತು. ಆ ಮನುಷ್ಯ ಒಂದು ಬುಟ್ಟಿ ಮಣ್ಣು ಹೊತ್ತದ್ದನ್ನು ಕಂಡವರಿಲ್ಲ. ಹಾಗೆಂದು ಕೆಟ್ಟವನೂ ಅಲ್ಲ, ಹಬ್ಬಕ್ಕೆ ಬೆಲ್ಲ ಕೊಡುತ್ತಿದ್ದ.

ಆ ವರ್ಷ ಸಂತೆ ಮೈದಾನದ ಪಕ್ಕದಲ್ಲಿ ಕುರಿ ದನಗಳಿಗೆ ನೀರಿನ ಕಟ್ಟೆಯೊಂದನ್ನು ತೋಡಿಸಬೇಕೆಂದು ತಮಟೆ ಸಾರಿತು. ಕಂಬಳಿಯ ಸಂತೆಗೆ ಸುತ್ತಲಿನ ಹಟ್ಟಿಗಳಿಂದ ಕುರಿಗಳು ಬಂದು ಬಾಯಾರಿ ಅರಚಿಕೊಳ್ಳುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ಮುದ್ದಕ್ಕ ಹೋಗಿ ಓವರ್ಸಿಯರನನ್ನು ಕೇಳಿದಳು.

“ಸ್ವಾಮಿ, ಹೆಂಗಸು ಲಕೋಟೆ ಹಾಕಬೌದೇನ್ರಿ?”

ಓವರ್ಸಿಯರ್ ಹೊಸಬ, ಮೈಸೂರಿನ ಕಡೆಯವನು, ದಪ್ಪ ಕನ್ನಡಕದವನು. ಚಾವಡಿಯ ಗೋಡೆಯ ಮೇಲಿದ್ದ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹೋಗಿ ಇನ್ನೊಮ್ಮೆ ಓದಿದ. “ಹಾಕಬಾರದು ಅಂತ ಇದರಲ್ಲಿ ಇಲ್ಲ” ಎಂದ. “ಜಾಮೀನು ಬೇಕು, ಅಷ್ಟೆ.”

ಅಷ್ಟೆ ಎಂದುಬಿಟ್ಟ. ಗುಡಿಸಲಲ್ಲಿ ಬದುಕುವವಳಿಗೆ ಜಾಮೀನು ನಿಲ್ಲುವವರು ಯಾರು? ನಿಂತವನು ದೊಡ್ಡಪಾಲಯ್ಯ. ಊರಾಚೆ ಹಟ್ಟಿಯ ಕುರಿಯ ಯಜಮಾನ, ಒಂದು ಕಂಬಳಿ ಕೊಳ್ಳಲು ಅರ್ಧ ದಿನ ಚೌಕಾಸಿ ಮಾಡುವ ಹಿಡಿತದ ಮನುಷ್ಯ. ಅವಳು ಇನ್ನೂ ಮಾತು ಮುಗಿಸಿರಲಿಲ್ಲ, ಅವನು ತಲೆಯಾಡಿಸಿದ. “ನಿಮ್ಮೋರು ತೋಡಿದ್ ಬಾವೀಲಿ ಎಂಥಾ ಬ್ಯಾಸ್ಗೀಲೂ ನೀರು ಐತೆ. ಜಾಮೀನಿಗೆ ನನ್ ಇಪ್ಪತ್ತು ಕುರಿ ಬರಸ್ಕಳಮ್ಮ” ಎಂದ. ಮುದ್ದಕ್ಕ ಕೈಮುಗಿಯುವುದಕ್ಕೂ ಮರೆತಳು.

ಸಂತೆಯ ದಿನ ಲಕೋಟೆಗಳು ಒಡೆದವು. ಜಂಬುಲಿಂಗಪ್ಪನ ದರದಲ್ಲಿ ಗುಂಪಿನ ಕೂಲಿಯ ಜೊತೆಗೆ ಅವನ ಪಾಲೂ ಇತ್ತು, ಮುದ್ದಕ್ಕನದರಲ್ಲಿ ಬರೀ ಕೂಲಿ. ಕೆಲಸ ಅವಳಿಗೆ ಸಿಕ್ಕಿತು. ಜಂಬುಲಿಂಗಪ್ಪ ಹೊಟ್ಟೆ ಕುಣಿಸಿಕೊಂಡು ನಕ್ಕ. “ಮಾಡಮ್ಮ, ಮಾಡು. ಗಡುವಿನ ದಿನ ಬಂದು ನೋಡ್ತೀನಿ” ಎಂದ. ಗಡುವು ಎರಡು ತಿಂಗಳು, ಆಳ ಏಳು ಅಡಿ. ಆ ದಿನಕ್ಕೆ ಕೆಲಸ ಒಪ್ಪಿಗೆಯಾದರೆ ಅಳತೆ ಪುಸ್ತಕದಲ್ಲಿ ಮುದ್ದಕ್ಕನ ಹೆಸರು ಏರುತ್ತಿತ್ತು. ಆಗದಿದ್ದರೆ ಪಾಲಯ್ಯನ ಕುರಿ ಹರಾಜಿಗೆ ಹೋಗುತ್ತಿದ್ದವು, ಮುಂದೆ ಅವಳ ಲಕೋಟೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮಣ್ಣಿನ ಕೆಲಸದಲ್ಲಿ ಒಂದು ಪದ್ಧತಿಯಿದೆ. ಗುಂಡಿ ತೋಡುವಾಗ ನಡುನಡುವೆ ಒಂದೊಂದು ಕಂಬದಷ್ಟು ನೆಲವನ್ನು ಅಗೆಯದೆ ಹಾಗೇ ಬಿಡುತ್ತಾರೆ. ಅದು ಸಾಕ್ಷಿಗುಡ್ಡೆ. ಅದರ ನೆತ್ತಿ ಮೊದಲಿನ ನೆಲ, ಬುಡ ಈಗಿನ ತಳ. ಅಳೆಯುವವನು ಗುಡ್ಡೆಗೆ ಕೋಲು ಹಿಡಿದರೆ ಎಷ್ಟು ಆಳ ಹೋಗಿದೆಯೆಂಬುದು ತಿಳಿಯುತ್ತದೆ. ಅಳತೆಯ ದಿನ ಗುಡ್ಡೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಅಳತೆ ಮುಗಿದ ಮೇಲೆ ಕೈಮುಗಿದು ಕಡಿಯುತ್ತಾರೆ. ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಬೆಳೆದಿತ್ತು. ಕೆಲಸ ಸಾಲದೆ ಬಂದಾಗ ಹುಲ್ಲು ಸಮೇತ ಮಣ್ಣಿನ ಹೆಂಟೆಯನ್ನು ಕಿತ್ತು ತಂದು ಗುಡ್ಡೆಯ ನೆತ್ತಿಗೆ ಕೂರಿಸಿ ತಟ್ಟಿಬಿಡುವುದು. ಗುಡ್ಡೆ ಗೇಣು ಎತ್ತರವಾಗುತ್ತದೆ, ಗುಂಡಿ ಗೇಣು ಆಳವಾದಂತೆ ಕಾಣುತ್ತದೆ. ಇದಕ್ಕೆ ಅವರಲ್ಲಿ ಸಾಕ್ಷಿಗೆ ರುಮಾಲು ಸುತ್ತುವುದು ಎನ್ನುತ್ತಿದ್ದರು. ಜಂಬುಲಿಂಗಪ್ಪನ ಕೆಲಸಗಳಲ್ಲಿ ಪೆದ್ದಣ್ಣನ ಕೈ ಎಷ್ಟೋ ರುಮಾಲು ಸುತ್ತಿತ್ತು. ಮುದ್ದಕ್ಕನೂ ಕಂಡು ಸುಮ್ಮನಿದ್ದವಳೇ. ಕೆಲಸ ಬೇರೆಯವರದ್ದಾದಾಗ ಕಣ್ಣು ಬೇರೆ ಕಡೆ ತಿರುಗಿಸುವುದು ಎಲ್ಲರಿಗೂ ಸುಲಭ.

ಕಟ್ಟೆಯ ಮೂಡಣ ಭಾಗ ಗುದ್ದಲಿಗೆ ಬೆಣ್ಣೆಯಂತೆ ಬಂತು. ಪಡುವಣದಲ್ಲಿ ಆರಡಿಯ ಕೆಳಗೆ ಗೊರಚು ಸಿಕ್ಕಿತು. ಗುದ್ದಲಿ ಹಾಕಿದರೆ ಕಿಡಿ ಹಾರುವಂಥ ನೆಲ. ಗಡುವಿನ ಹಿಂದಿನ ದಿನ ಮುದ್ದಕ್ಕ ಅಳೆದು ನೋಡಿದಾಗ ಆ ಕಡೆ ಒಂದು ಗೇಣು ಬಾಕಿಯಿತ್ತು. “ನಾಳೆ ಬಂದಾಗ ಒಂದು ವಾರ ಟೈಮು ಕೇಳ್ತೀನಿ” ಎಂದಳು. ಮೊದಲನೇ ಕೆಲಸದಲ್ಲೇ ಟೈಮು ಕೇಳಿದರೆ ಅತ್ತಿಗೆಯ ಮರ್ಯಾದೆ ಹೋಯಿತು, ಪಾಲಯ್ಯನ ಕುರಿಯೂ ಹೋದವು ಎಂದು ಪೆದ್ದಣ್ಣನ ಲೆಕ್ಕ. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವನಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅದನ್ನೇ ಮಾಡಿದ.

ಬಿಸಿಲೇರುವ ಹೊತ್ತಿಗೆ ಓವರ್ಸಿಯರ್ ಅಳತೆಕೋಲು, ಪುಸ್ತಕ ಹಿಡಿದು ಬಂದ. ದಂಡೆಯ ಮೇಲೆ ಜನ ಸೇರಿದ್ದರು. ಪಾಲಯ್ಯ ಕೋಲೂರಿ ನಿಂತಿದ್ದ, ಅವನ ಪಕ್ಕದಲ್ಲಿ ಜಂಬುಲಿಂಗಪ್ಪ. ಮೂಡಣ ಕಡೆಯ ಗುಡ್ಡೆಗಳ ಅಳತೆ ಸರಿಯಾಗಿ ಬಂತು. ಓವರ್ಸಿಯರನ ಹಿಂದೆಯೇ ಹೋಗುತ್ತಿದ್ದ ಮುದ್ದಕ್ಕ ಪಡುವಣದ ಗುಡ್ಡೆಯ ಕಡೆ ಕಣ್ಣೆತ್ತಿದಳು. ನೆತ್ತಿಯ ಮೇಲೆ ಹುಲ್ಲು ಹಸಿರಾಗಿತ್ತು. ಎರಡು ತಿಂಗಳು ಬಿಸಿಲಲ್ಲಿ ಒಂಟಿಯಾಗಿ ನಿಂತ ಗುಡ್ಡೆಯ ಮೇಲೆ ಹಸಿರು ಹುಲ್ಲು! ಅದರ ಪಕ್ಕದ್ದರ ಮೇಲೂ ಹಸಿರು. ಮೂರನೆಯದರ ಮೇಲೂ.

ತಿರುಗಿ ಪೆದ್ದಣ್ಣನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಕೋಲು ಮೊದಲ ಗುಡ್ಡೆಗೆ ತಾಗಿತ್ತು, “ಏಳು ಅಡಿ” ಎಂದು ಓವರ್ಸಿಯರ್ ಪುಸ್ತಕ ತೆರೆದಿದ್ದ. ಕನ್ನಡಕದ ಆ ಮನುಷ್ಯನಿಗೆ ಹಸಿರು ಹುಲ್ಲೂ ಒಂದೇ, ಒಣ ಹುಲ್ಲೂ ಒಂದೇ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಿಕೊಳ್ಳಬೇಕು ಎಂದೂ ಅನ್ನಿಸಿತು, ಹಾಗೆ ಅನ್ನಿಸಿದ್ದನ್ನು ಬಚ್ಚಿಟ್ಟು ಏನು ಪ್ರಯೋಜನ? ಆದರೆ ಈ ಕೆಲಸ ಬೇರೆ ಯಾರದ್ದೂ ಅಲ್ಲ, ತನ್ನದು. ತನ್ನ ಹೆಸರು ಮೊಟ್ಟಮೊದಲ ಸಲ ಪುಸ್ತಕಕ್ಕೆ ಹೋಗುವುದು ಒಂದು ಗೇಣು ಸುಳ್ಳಿನ ಜೊತೆಗೇ? ಅದನ್ನು ಅವಳಿಂದ ಸಹಿಸಲಾಗಲಿಲ್ಲ.

“ತಡೀರಿ ಸ್ವಾಮಿ, ಬರೀಬ್ಯಾಡ್ರಿ. ಈ ಗುಡ್ಡೆ ಸುಳ್ಳು ಹೇಳ್ತೈತೆ.”

ಪಕ್ಕದವನ ಕೈಯಿಂದ ಗುದ್ದಲಿ ಕಸಿದುಕೊಂಡು ನೆತ್ತಿಗೆ ಅಡ್ಡವಾಗಿ ಒಂದೇಟು ಹಾಕಿದಳು. ಹಸಿರು ಹೆಂಟೆ ರೊಟ್ಟಿಯ ಹಾಗೆ ಎದ್ದು ಕೆಳಗೆ ಬಿತ್ತು. ಎರಡನೆಯದಕ್ಕೂ ಹಾಕಿದಳು, ಮೂರನೆಯದಕ್ಕೂ.

ಓವರ್ಸಿಯರ್ ಪುಸ್ತಕ ಮುಚ್ಚಿದ. “ಇದು ಯಾರ ಕೆಲಸ?”

“ಮೇಸ್ತ್ರಿ ನಾನು. ನನ್ನದೇ ಅಂತ ಬರ್ಕಳ್ರಿ.”

“ಅಲ್ಲ ಸ್ವಾಮಿ!” ಪೆದ್ದಣ್ಣ ಅಳುತ್ತ ಮುಂದೆ ಬಂದ. “ಆಕಿಗೆ ಏನೂ ಗೊತ್ತಿಲ್ಲ. ಹಾಳಾದ ಈ ಕೈ ಮಾಡೈತೆ. ವದಿನಾ, ನಿನಗೆ ಒಳ್ಳೇದಾಗಲಿ ಅಂತ ಮಾಡ್ದೆ ಕಣೇ...”

“ಸಾಕ್ಷಿ ಕೆಟ್ಟಿದ್ದರೆ ಅಳತೆ ಬರೆಯುವ ಹಾಗಿಲ್ಲ. ನಿಯಮ ಹಾಗಿದೆ” ಎಂದ ಓವರ್ಸಿಯರ್. ಸಿಟ್ಟಿಗಿಂತ ಬೇಜಾರೇ ಹೆಚ್ಚಾಗಿತ್ತು ಅವನ ದನಿಯಲ್ಲಿ. “ನಿಜವಾದ ನೆಲ ಎಲ್ಲಿತ್ತು ಅಂತ ಈಗ ನಾನು ಹೇಗೆ ನಂಬಲಿ?”

ಮುದ್ದಕ್ಕ ಕೈಯೆತ್ತಿ ಗುಡ್ಡೆಯ ನೆತ್ತಿಯ ಅಂಚನ್ನು ಬೆರಳಿನಿಂದ ಕೆರೆದಳು. “ಇಲ್ಲಿ ನೋಡ್ರಿ. ಈ ಕರೀ ಪದರ ಏನು ಗೊತ್ತಾ? ಕುರಿ ಹಿಕ್ಕೆ. ನಮ್ ತಾತನ ಕಾಲದಿಂದ ಸಂತೆ ಕುರಿ ಇಲ್ಲೇ ನಿಂತು ತುಳಿದು ತುಳಿದು ಹಪ್ಪಳದಂಗೆ ಆಗೈತೆ. ಇದನ್ನ ಯಾರೂ ಹೊಸದಾಗಿ ಮಾಡಾಕಾಗಲ್ಲ. ಎಲ್ಲಾ ಗುಡ್ಡೆ ಮ್ಯಾಲೂ ಐತೆ, ಇಲ್ಲಿಂದ ಅಳೀರಿ.”

ಓವರ್ಸಿಯರ್ ಪಂಚೆ ಎತ್ತಿಕಟ್ಟಿ, ಒಂದು ಕಲ್ಲು ತರಿಸಿ ಅದರ ಮೇಲೆ ಹತ್ತಿದ. ಕನ್ನಡಕವನ್ನು ಪದರಕ್ಕೆ ತಾಗುವಷ್ಟು ಹತ್ತಿರ ತಂದು ನೋಡಿದ. ಮೂಡಣದ ಗುಡ್ಡೆಗಳಿಗೂ ಹೋಗಿ ನೋಡಿಬಂದ. ಆಮೇಲೆ ಕೋಲು ಹಿಡಿದು ಅಳೆದ. ಗೇಣು ಕಡಿಮೆ, ಮುದ್ದಕ್ಕ ಹಿಂದಿನ ದಿನ ಕಂಡಷ್ಟೇ.

“ಒಂದು ವಾರ ಗಡುವು ಹೆಚ್ಚಿಸುವುದಕ್ಕೆ ನನಗೆ ಅಧಿಕಾರವಿದೆ” ಎಂದ. “ತಾನೇ ಮುಂದೆ ಬಂದು ಹೇಳಿದ್ದಾಳೆ ಅಂತ ಕಾರಣ ಬರೆಯುತ್ತೇನೆ. ಆದರೆ ಜಾಮೀನುದಾರ ಮತ್ತೆ ಒಪ್ಪಬೇಕು. ಒಪ್ಪದಿದ್ದರೆ ಅವನ ಕುರಿ ಅವನಿಗೆ, ಕೆಲಸ ಇವತ್ತಿಗೇ ರದ್ದು.”

ಎಲ್ಲರ ಕಣ್ಣೂ ಪಾಲಯ್ಯನ ಮೇಲೆ ಹೋಯಿತು. ಜಂಬುಲಿಂಗಪ್ಪ ಅವನ ಕಿವಿಯ ಹತ್ತಿರ ಬಾಗಿ, “ಲೇ ಪಾಲಯ್ಯ, ಇದೇ ಹೊತ್ತು, ತಪ್ಪಿಸ್ಕ” ಎಂದ. ಪಾಲಯ್ಯ ಕೋಲಿನ ತುದಿಯಿಂದ ನೆಲ ಕುಟ್ಟುತ್ತ ನಿಂತ. ಚೌಕಾಸಿಯ ಮನುಷ್ಯ, ಒಳಗೊಳಗೇ ಏನೇನು ತೂಗಿದನೋ. ಮುದ್ದಕ್ಕ ಅವನ ಮುಖ ನೋಡಲಾರದೆ ತಲೆ ತಗ್ಗಿಸಿದಳು. ಇಷ್ಟು ಕೊಟ್ಟವನನ್ನು ಇನ್ನೂ ಕೊಡು ಎಂದು ಯಾವ ಮುಖದಿಂದ ಕೇಳುವುದು?

ಪಾಲಯ್ಯ ದಂಡೆಯಿಳಿದು ಬಂದ. “ನಿನ್ನೆ ತನಕ ಈಯಮ್ಮನ ಗುದ್ದಲಿ ನಂಬಿ ನಿಂತಿದ್ದೆ ಸ್ವಾಮಿ” ಎಂದ. “ಈಗ ಈಯಮ್ಮನ ಬಾಯೂ ಎಂಥದ್ದು ಅಂತ ಗೊತ್ತಾತು. ಇನ್ನಿಪ್ಪತ್ತು ಕುರಿ ಬೇಕಾದ್ರೂ ಬರ್ಕಳ್ರಿ. ಎಲ್ಲಿ ಐತೆ ನಿಮ್ ಮಸಿ?”

ಅವನು ಹೆಬ್ಬೆರಳು ಒತ್ತುವುದನ್ನು ನೋಡುತ್ತ ಮುದ್ದಕ್ಕ ಅತ್ತಳು. ಗಂಡ ಹೋದಾಗಲೂ ಜನರೆದುರು ಅಳದವಳು ಸೆರಗಿಗೆ ಮುಖವಿಟ್ಟು ಬಿಕ್ಕಿದಳು.

ಆ ವಾರ ಪೆದ್ದಣ್ಣ ಗೊರಚಿನ ಮೇಲೆ ಬಿದ್ದ ಬಗೆಯನ್ನು ಹೇಳತೀರದು. ಅಂಗೈ ಒಡೆದು ಬಟ್ಟೆ ಸುತ್ತಿಕೊಂಡ, ಆದರೂ ಗುದ್ದಲಿ ಬೇರೆಯವರಿಗೆ ಕೊಡಲಿಲ್ಲ. ಕಂಬಳಿ ನೇಯುವ ಕೇರಿಯ ಹೆಂಗಸರು ಯಾರೂ ಹೇಳದೆ ಮಧ್ಯಾಹ್ನಕ್ಕೆ ಮಜ್ಜಿಗೆಯ ಗಡಿಗೆ ತಂದಿಟ್ಟು ಹೋಗುತ್ತಿದ್ದರು. ನಾಲ್ಕನೆಯ ದಿನ ಜಂಬುಲಿಂಗಪ್ಪನ ಎರಡು ಹಾರೆ ಬಂದವು. “ಅವ್ನು ಕಳ್ಸಿದ್ದು ಅಂತ ಯಾರಿಗೂ ಹೇಳಬ್ಯಾಡ ಅಂದವ್ನೆ” ಎಂದು ತಂದ ಆಳು ಎಲ್ಲರಿಗೂ ಹೇಳಿದ. ಮುದ್ದಕ್ಕ ಸಾಯುವವರೆಗೂ ಯಾರ ಮುಂದೆ ಆ ವಾರದ ಮಾತು ಬಂದರೂ ಮೊದಲು ಆ ಮಜ್ಜಿಗೆ, ಆಮೇಲೆ ಆ ಹಾರೆ ನೆನೆಯುತ್ತಿದ್ದಳಂತೆ. ಪಾಲಯ್ಯನ ಮಾತು ಬಂದಾಗ ಮಾತ್ರ ಸುಮ್ಮನೆ ಕೈಜೋಡಿಸುತ್ತಿದ್ದಳು.

ಆರನೆಯ ದಿನವೇ ತಳ ಸಿಕ್ಕಿತು. ಓವರ್ಸಿಯರ್ ಬಂದು ಒಂದೊಂದು ಗುಡ್ಡೆಯನ್ನೂ ಹಿಕ್ಕೆಯ ಪದರದಿಂದ ಅಳೆದ. ಎಲ್ಲ ಕಡೆ ಏಳು ಅಡಿ ತುಂಬಿ ಬಂತು. ಅವನು ದಂಡೆಯ ಮೇಲೆ ಕುಳಿತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಬರೆದ. ಆಮೇಲೆ ಅವಳ ಕಡೆ ತಿರುಗಿಸಿ ಹೆಬ್ಬೆಟ್ಟು ಒತ್ತಲು ಜಾಗ ತೋರಿಸಿದ.

ಮುದ್ದಕ್ಕ ಬೆರಳು ಮುಂದೆ ಮಾಡಲಿಲ್ಲ. “ಏನ್ ಬರ್ದೀರಿ ಸ್ವಾಮಿ? ಓದ್ರಿ.”

“ಸಂತೆ ಮೈದಾನದ ನೀರಿನ ಕಟ್ಟೆ. ಆಳ ಏಳು ಅಡಿ, ಅಳತೆ ಸರಿ. ಕೆಲಸ ಮಾಡಿದವರು ಮೇಸ್ತ್ರಿ ಮುದ್ದಕ್ಕ ಮತ್ತು ಅವಳ ಗುಂಪಿನವರು. ಜಾಮೀನು ದೊಡ್ಡಪಾಲಯ್ಯ.”

ಅವಳು ಹೆಬ್ಬೆಟ್ಟು ಒತ್ತಿದಳು. ಎದ್ದು ಹೋಗಲಿಲ್ಲ.

“ಇನ್ನೊಂದ್ ಸಾರಿ ಓದ್ರಿ.”

ಅವನು ಓದಿದ. ಗುಂಪಿನವರೆಲ್ಲ ಒಬ್ಬೊಬ್ಬರಾಗಿ ಗುಡ್ಡೆ ಕಡಿಯುವುದನ್ನು ನಿಲ್ಲಿಸಿ ಹತ್ತಿರ ಬಂದರು, ಕೊನೆಗೆ ಪೆದ್ದಣ್ಣನೂ ಬಂದು ಹಿಂದೆ ನಿಂತ. ಓವರ್ಸಿಯರ್ ತಲೆಯೆತ್ತಿ ಅವರನ್ನು ನೋಡಿದ, ಕನ್ನಡಕ ಒರೆಸಿಕೊಂಡ. ಮೂರನೆಯ ಸಲ ಯಾರೂ ಕೇಳಲಿಲ್ಲ. ಅವನಾಗಿಯೇ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದ.