ಮನೆಗಾಡಿಗಳ ಗುಂಡುತೋಪು

ಮಾವಿನ ಕೊಂಬೆ ಮುರಿದು ಬಿದ್ದಾಗ ನಮ್ಮ ಕ್ಲಬ್ಬಿನ ಯಾವ ವ್ಯಾನಿಗೂ ಗೀರು ಕೂಡ ಆಗಲಿಲ್ಲ. ಅದು ಬಿದ್ದದ್ದು ತೋಪಿನ ಅಂಚಿನ ಶೀಟಿನ ಮನೆಯ ಮೇಲೆ, ನಮಗಾಗಿ ಮುದ್ದೆ ತೊಳಸುತ್ತಿದ್ದ ಹೆಂಗಸಿನ ಮೇಲೆ. ಸೊಂಟ ಮುರಿದದ್ದು ಅವರದು, ಮನೆ ಹೋದದ್ದು ಅವರದು. ಆ ಜಾಗಕ್ಕೆ ಅವರು ಎಂದಾದರೂ ಮರಳುತ್ತಾರೋ ಇಲ್ಲವೋ ಎಂಬುದು ನಾನು ಇದನ್ನು ಬರೆಯುವ ಹೊತ್ತಿಗೂ ತೀರ್ಮಾನವಾಗಿಲ್ಲ. ಮರವನ್ನು ಕೊಂದವರು ಕಳೆದುಕೊಂಡದ್ದು ತಿಂಗಳಿಗೊಂದು ಶನಿವಾರದ ಸಂತೋಷವನ್ನು ಮಾತ್ರ.

ಆ ಸಂತೋಷ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ನಾನು ಪಟ್ಟಂದೂರು ಅಗ್ರಹಾರದ ಪಕ್ಕದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೆ. ನನ್ನ ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಚ್ಚು ತಯಾರಿಸುವ ವಿಭಾಗದಲ್ಲಿದ್ದರು. ಊರಿನ ಎರಡು ತುದಿಗಳಿಂದ ಬಂದು ಒಂದೇ ಮನೆ ಸೇರುವಷ್ಟರಲ್ಲಿ ಇಬ್ಬರಿಗೂ ಮಾತು ಉಳಿದಿರುತ್ತಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಮುಖ ಲಿಫ್ಟಿನೊಳಗೆ ಮಾತ್ರ ಪರಿಚಯ. ಆಗ ನನ್ನ ಗಂಡ ಶಾಲೆಯೊಂದರ ಹಳೆಯ ವ್ಯಾನು ಕೊಂಡು, ಸೀಟು ಕಿತ್ತು, ಪ್ಲೈವುಡ್ಡಿನ ಮಂಚ ಮತ್ತು ಒಲೆಗೊಂದು ಕಟ್ಟೆ ಕೂರಿಸಿದರು. ಅಂಥದೇ ಹುಚ್ಚಿನ ಇನ್ನೂ ಹಲವರು ಇದ್ದಾರೆಂದು ತಿಳಿದದ್ದು ಆಮೇಲೆ: ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರುಗಳು, ರಾಜಗೋಪಾಲನಗರದಲ್ಲಿ ಸ್ವಂತ ಲೇತ್ ಇಟ್ಟುಕೊಂಡವರು, ಒಬ್ಬರು ನರ್ಸ್, ಒಬ್ಬ ದಂತವೈದ್ಯ. ನಮ್ಮ ಕ್ಯಾರವಾನ್ ಕ್ಲಬ್ ಹುಟ್ಟಿದ್ದು ಹಾಗೆ. ಕಾಡುಗೋಡಿಯಿಂದಾಚೆಗಿನ ಹಳ್ಳಿಯ ಜನ ನಮ್ಮನ್ನು "ಮನೆಗಾಡಿಯೋರು" ಎಂದರು. ನಮಗೆ ಆ ಹೆಸರೇ ಹೆಚ್ಚು ಇಷ್ಟವಾಯಿತು.

ನಾವು ಸೇರುತ್ತಿದ್ದದ್ದು ಆ ಹಳ್ಳಿಯ ಗುಂಡುತೋಪಿನಲ್ಲಿ. ಹಳೆಯ ಮಾವು, ಹಿಪ್ಪೆ, ನೇರಳೆಗಳ ನೆರಳು. ವ್ಯಾನುಗಳನ್ನು ವೃತ್ತವಾಗಿ ನಿಲ್ಲಿಸಿ ಹಿಂಬಾಗಿಲುಗಳನ್ನು ಒಳಮುಖವಾಗಿ ತೆರೆದಿಡಬೇಕು, ಎಲ್ಲರ ಊಟ ಮುಗಿಯುವವರೆಗೆ ಯಾರೂ ಬಾಗಿಲು ಮುಚ್ಚಬಾರದು ಎಂಬುದು ನಿಯಮ. ಯಾರ ಒಲೆಯ ಸಾರನ್ನು ಯಾರು ಬೇಕಾದರೂ ಬಡಿಸಿಕೊಳ್ಳಬಹುದಿತ್ತು. ಬಡಿಸಿದವರ ಜಾತಿ ಕೇಳಿದವರನ್ನು ಅಲ್ಲಿ ನಾನು ಕಾಣಲಿಲ್ಲ. ಮಕ್ಕಳನ್ನು ಸಾಲಿನಲ್ಲಿ ಕೂರಿಸದೆ ಸುತ್ತ ಕೂರಿಸುತ್ತಿದ್ದ ಶಾಲೆಯಲ್ಲಿ ಓದಿದ ನನಗೆ, ಬೆಳೆದ ಮೇಲೆ ಅಂಥ ವೃತ್ತ ಮತ್ತೆ ಸಿಕ್ಕಿತೆನಿಸಿತ್ತು.

ಆದರೆ ಆ ವೃತ್ತದಲ್ಲಿ ಅಕ್ಕನಿಗೆ ಚಾಪೆ ಇರಲಿಲ್ಲ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು. ದೊಡ್ಡ ಮಾವಿನ ಕೆಳಗಿನ ಶೀಟಿನ ಮನೆಯಲ್ಲಿ, ಬಟ್ಟೆ ಕಾರ್ಖಾನೆಗೆ ಹೋಗುವ ಮಗಳೊಡನೆ ಅವರು ಇದ್ದರು. ಆ ಮರಕ್ಕೆ ನೀರು ಹೊತ್ತು ಬೆಳೆಸಿದವರು ಅವರ ಗಂಡನ ತಾತ. ಮನೆ ಅಲ್ಲಿ ನಿಂತದ್ದು ಆ ಕಾಲದಿಂದ. ನಲ್ಲಿ ನೀರು ನಮಗೆ ಅವರಿಂದ, ಶನಿವಾರ ಮಧ್ಯಾಹ್ನದ ಮುದ್ದೆ ಬಸ್ಸಾರು ಅವರಿಂದ. ಬಡಿಸಿಯಾದ ಮೇಲೆ ತಮ್ಮ ಹೊಸ್ತಿಲಲ್ಲಿ ಕೂತು ಒಬ್ಬರೇ ಉಣ್ಣುತ್ತಿದ್ದರು. ಸಮಾನತೆಯ ಬಗ್ಗೆ ಅಷ್ಟೆಲ್ಲ ಹೆಮ್ಮೆಪಡುತ್ತಿದ್ದ ಕೂಟಕ್ಕೆ ಅದು ಎಂದೂ ವಿಚಿತ್ರವಾಗಿ ಕಾಣಲಿಲ್ಲ. ಇದು ಮೊದಲ ತಪ್ಪು. ಉಳಿದವು ಇದರ ಮೇಲೆಯೇ ನಿಂತವು.

ವ್ಯಾನಿನಲ್ಲಿ ಮಲಗುವವರಿಗೆ ನೆಲ ಸಮವಾಗಿರುವುದೇ ದೊಡ್ಡ ಚಿಂತೆ. ನಮ್ಮ ಅಧ್ಯಕ್ಷರು ಪೀಣ್ಯದಲ್ಲಿ ಕಾರ್ಖಾನೆ ನಡೆಸಿ ನಿವೃತ್ತರಾದವರು. ಗಾರೆಯವರು ಗೋಡೆಗೆ ಹಿಡಿಯುವ ರಸಮಟ್ಟವನ್ನು ಸದಾ ಕೈಯಲ್ಲಿ ಹಿಡಿದಿರುತ್ತಿದ್ದರು. ವ್ಯಾನು ಬಂದೊಡನೆ ಅದನ್ನು ಒಳಗಿನ ನೆಲದ ಮೇಲಿಟ್ಟು ಗುಳ್ಳೆ ನೋಡುವರು.

"ಗುರು, ಎಡಗಡೆ ಇನ್ನೊಂದ್ ಕಲ್ಲು ಕೊಡು! ಇಲ್ಲಾಂದ್ರೆ ಬೆಳಗ್ಗೆ ಹೊತ್ಗೆ ಹೆಂಡ್ತಿ ಮೇಲಿರ್ತೀಯ."

"ಇರ್ಲಿ ಬಿಡಿ ಸಾರ್, ಅದಕ್ಕೇ ತಾನೆ ಬಂದಿರೋದು," ಎಂದು ಚಕ್ರದ ಬಳಿ ಬಗ್ಗಿದವನು ಹೇಳುವನು.

"ನಮ್ಮೆಜಮಾನ್ರು ಹೋದ್ಸಲ ಉರುಳಿ ಉರುಳಿ ಒಲೆ ಹತ್ರ ಬಂದ್ಬಿಟ್ಟಿದ್ರು ಕಣ್ರೀ. ಕಾಫಿ ಮಾಡೋಕ್ಕೇನೋ ಅಂದ್ಕೊಂಡೆ," ಎಂದು ನರ್ಸ್ ಸೇರಿಸುವರು.

ಹೀಗೆ ಜಾಕಿ, ಕಲ್ಲು, ಹಲಗೆಗಳ ಗದ್ದಲದಲ್ಲೇ ಕೂಟ ಆರಂಭವಾಗುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಒಂದು ಮಳೆಗಾಲದಲ್ಲಿ ಹಲವು ವ್ಯಾನುಗಳು ಕೆಸರಿನಲ್ಲಿ ಹೂತು, ಟ್ರ್ಯಾಕ್ಟರ್ ಕರೆಸಿ ಎಳೆಸಬೇಕಾಯಿತು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ತಮ್ಮ ಯೋಜನೆ ಮಂಡಿಸಿದರು: ತೋಪಿನ ತಗ್ಗುಗಳಿಗೆಲ್ಲ ಮಣ್ಣು ತುಂಬಿ, ಮೇಲೆ ಕಾಂಕ್ರೀಟು ಹಾಕಿ, ಇಡೀ ನೆಲವನ್ನೇ ಸಮ ಮಾಡಿಬಿಡುವುದು.

ನಾನು ಎದ್ದು ವಿರೋಧಿಸಿದೆ. ಮರ ಉಸಿರಾಡುವ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಓದುವಾಗ ನಮ್ಮ ಶಾಲೆಯ ಮರದ ಕೆಳಗೆ ನಾವೇ ಕೆದಕಿ ನೋಡಿದ್ದೇವೆ, ಅವುಗಳ ಮೇಲೆ ಮಣ್ಣು ಹೇರಿದರೆ ಉಸಿರು ಕಟ್ಟುತ್ತದೆ ಎಂದೆ.

"ಮೇಡಂ ಪಾಠ ಶುರು ಮಾಡಿದ್ರು," ಎಂದ ಎಂಜಿನಿಯರೊಬ್ಬ.

"ಅಷ್ಟ್ ದೊಡ್ಡ ಮರ ಮೇಡಂ, ಒಂದಡಿ ಮಣ್ಣಿಗೆ ಸಾಯುತ್ತಾ?" ಎಂದರು ಅಧ್ಯಕ್ಷರು. "ಹಂಗೆ ಸಾಯೋದಾದ್ರೆ ನಮ್ ಬೆಂಗ್ಳೂರಲ್ಲಿ ಫುಟ್‌ಪಾತ್ ಮೇಲೆ ಒಂದ್ ಮರಾನೂ ಇರ್ತಿರ್ಲಿಲ್ಲ."

ನಗು ಎದ್ದಿತು. ಕೈಗಳು ಎದ್ದವು. ನನ್ನ ಕೈ ಮತ್ತು ನನ್ನ ಗಂಡನ ಕೈ ಬಿಟ್ಟರೆ ಎಲ್ಲವೂ ಅವರ ಪರ.

ಗುಂಡುತೋಪು ಊರಿನ ಸೊತ್ತು. ದನ ಮಲಗುವುದಕ್ಕೆ, ತರಗೆಲೆ ಗುಡಿಸಿಕೊಳ್ಳುವುದಕ್ಕೆ, ದಣಿದವರು ಕೂರುವುದಕ್ಕೆ ಹಿಂದಿನವರು ಬಿಟ್ಟುಹೋದದ್ದು. ಅದನ್ನು ಮುಟ್ಟಬೇಕಾದರೆ ಗ್ರಾಮಸಭೆಯಲ್ಲಿ ಕೇಳಬೇಕಿತ್ತು. ಯಾರನ್ನೂ ಕೇಳದೆ, ಒಂದು ದೀಪದ ಕಂಬ ಮತ್ತು ಹೆಸರು ಕೆತ್ತಿದ ಒಂದು ಕಲ್ಲಿನ ಆಸೆಗೆ, ಪಂಚಾಯಿತಿಯವರು ಕ್ಲಬ್ಬಿಗೆ ತೋಪಿನ ಉಸ್ತುವಾರಿ ಬರೆದುಕೊಟ್ಟರು. ಗುತ್ತಿಗೆದಾರ ಮಣ್ಣಿನ ಬದಲು ಕೆಡವಿದ ಕಟ್ಟಡಗಳ ಇಟ್ಟಿಗೆ ಚೂರು, ಸುಣ್ಣದ ಗಾರೆ, ಟೈಲ್ಸಿನ ತುಂಡು ತಂದು ಸುರಿದ. ತೋಟಗಾರಿಕೆ ಬಲ್ಲ ಅಧಿಕಾರಿಯೊಬ್ಬರನ್ನು ಕ್ಲಬ್ಬೇ ಕರೆಸಿತ್ತು. ಪ್ರತಿ ಬುಡದ ಸುತ್ತ ಒಂದು ಮಾರು ಜಾಗವನ್ನು ಹಳೆಯ ಮಟ್ಟದಲ್ಲೇ ಬಿಡಬೇಕೆಂದು ಅವರು ಹೇಳಿದರು. ಅಷ್ಟು ಬಿಟ್ಟರೆ ವ್ಯಾನಿನ ಚಕ್ರ ಇಳಿದುಬಿಡುತ್ತದೆಂದು ಅಧ್ಯಕ್ಷರು ಒಂದು ಗೇಣು ಬಿಡಿಸಿದರು. ಸಲಹೆ ಕೇಳಿ ಗಾಳಿಗೆ ತೂರುವುದನ್ನು ಅಜ್ಞಾನ ಎನ್ನಲಾಗದು.

ಅಕ್ಕನಿಗೆ ಮಾತ್ರ ಸಮಾಧಾನವೇ ಆಗಿತ್ತು. "ಬಾಗ್ಲಲ್ಲಿ ಕೆಸ್ರು ತಪ್ತಲ್ಲ ಬುಡಿ ಮೇಡಂ," ಎಂದು ಹೊಸ ಕಾಂಕ್ರೀಟಿನ ಮೇಲೆ ರಾಗಿ ಒಣಗಿಸಲು ಹರವುತ್ತ ಹೇಳಿದರು. ಅವರ ಸಮಾಧಾನವನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಉದ್ಘಾಟನೆಯ ಶನಿವಾರ ಹಿಂದೆಂದೂ ಸೇರದಷ್ಟು ಜನ ಸೇರಿದರು. ಯಾವ ಚಕ್ರಕ್ಕೂ ಕಲ್ಲು ಬೇಕಾಗಲಿಲ್ಲ.

ಕೇಡು ಸದ್ದಿಲ್ಲದೆ ಬಂತು. ಮಳೆ ಬಂದಾಗ ಬುಡದ ಗೇಣಗಲದ ಸಂದುಗಳಲ್ಲಿ ನೀರು ನಿಂತು, ಇಂಗದೆ, ಹಳಸಿದ ಅನ್ನದಂತೆ ನಾರತೊಡಗಿತು. ಮರುವರ್ಷ ದೊಡ್ಡ ಮಾವು ರಸ್ತೆಯ ಕಡೆಗೆ ಮಾತ್ರ ಹೂ ಬಿಟ್ಟಿತು. ಅಕ್ಕನ ಮನೆಯ ಮೇಲೆ ಚಾಚಿದ್ದ ಕೊಂಬೆ ಬೋಳಾಗಿಯೇ ಉಳಿಯಿತು. ಅದರ ಮರುವರ್ಷ ಬುಡದಲ್ಲಿ ಅಂಗೈಯಗಲದ ಬಿಳಿ ಅಣಬೆಗಳು ಮೆಟ್ಟಿಲು ಮೆಟ್ಟಿಲಾಗಿ ಎದ್ದವು. ಹಿಪ್ಪೆಯಲ್ಲಿ ಜೋತಾಡುತ್ತಿದ್ದ ಬಾವಲಿಗಳು ಒಂದು ಸಲ ಹೋದಾಗ ಇದ್ದವು, ಮುಂದಿನ ಸಲ ಇರಲಿಲ್ಲ. ನೆರಳು ತೆಳುವಾದಂತೆ ಕಾಂಕ್ರೀಟು ಕಾದು, ಮಕ್ಕಳು ಬರಿಗಾಲಲ್ಲಿ ಇಳಿಯಲಾರದಾದರು. "ಸೆಕೆ ಗುರು, ರೆಸಾರ್ಟ್‌ಗೆ ಹೋಗೋಣ" ಎಂಬ ಮಾತು ಹುಟ್ಟಿತು. ವೃತ್ತ ಪ್ರತಿ ತಿಂಗಳೂ ಚಿಕ್ಕದಾಗುತ್ತ ಬಂತು. ಮಾತಿನ ನಡುವೆ ಒಣ ಚಕ್ಕೆಯೊಂದು ಯಾವುದಾದರೂ ವ್ಯಾನಿನ ತಗಡಿನ ಮೇಲೆ ಟಪ್ಪೆಂದು ಬೀಳುವುದು, ಎಲ್ಲರೂ ಒಮ್ಮೆ ಮೇಲೆ ನೋಡಿ ಮತ್ತೆ ಮಾತು ಮುಂದುವರಿಸುವುದು.

ಹೀಗಿರಲು ಒಂದು ಶನಿವಾರ ನಾವು ಹೋದಾಗ ವೃತ್ತವೇ ಜಾಗ ಬದಲಿಸಿತ್ತು. ದೊಡ್ಡ ಮಾವಿನ ಕೆಳಗೆ ಒಂದು ವ್ಯಾನೂ ಇಲ್ಲ. ಎಲ್ಲವೂ ರಸ್ತೆಯ ಬದಿಗೆ, ಬಿಸಿಲಿಗೆ ಬಂದು ನಿಂತಿದ್ದವು.

"ಸಾರ್, ಯಾಕೆ ಎಲ್ಲಾರೂ ಈಚೆ ಬಂದಿದೀರಿ?" ಎಂದು ಅಧ್ಯಕ್ಷರನ್ನು ಕೇಳಿದೆ.

"ಏನಿಲ್ಲ ಮೇಡಂ. ಅಲ್ಲಿ ಹಕ್ಕಿಗಳ ಗಲೀಜು ಜಾಸ್ತಿ."

"ಹಕ್ಕಿಗಳೇ ಇಲ್ವಲ್ಲ ಸಾರ್ ಈಗ."

ಅವರು ರಸಮಟ್ಟವನ್ನು ಚೀಲಕ್ಕೆ ಹಾಕಿ, ಕನ್ನಡಕ ಒರೆಸಿಕೊಂಡರು. "ನೋಡಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇನ್ಶೂರೆನ್ಸ್‌ನೋರು ತಕರಾರು ತೆಗೀತಾರೆ. ಸುಮ್ನೆ ಮುನ್ನೆಚ್ಚರಿಕೆ."

ಮರ ಬೀಳಬಹುದೆಂದು ಅವರಿಗೆ ಗೊತ್ತಿತ್ತು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ನಾನು ನೋಡಿರಲಿಲ್ಲವಾದರೂ, ಮಾವಿನ ಕೆಳಗೆ ನಿಲ್ಲಿಸಬೇಡಿ ಎಂದು ಸದಸ್ಯರಿಗೆಲ್ಲ ಮೆಸೇಜು ಹೋಗಿತ್ತು. ಕೊಂಬೆಯ ನೇರ ಕೆಳಗಿನ ಮನೆಗೆ, ಕೂಗಳತೆಯಲ್ಲಿದ್ದ ಮನೆಗೆ, ಹೋಗಿರಲಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಆ ತೋಪಿನಲ್ಲಿ ಬೇರೆ ನಡೆಯಲಿಲ್ಲ.

ನಾನು ನೇರ ಅಕ್ಕನ ಬಳಿಗೆ ಹೋಗಿ ಹೇಳಿದೆ. ಅವರು ತಲೆಯೆತ್ತಿ ಬೋಳು ಕೊಂಬೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಎಲ್ಲಿಗೋಗ್ಲಿ ಹೇಳಿ? ನಿಮ್ ಮನೇಗೆ ಗಾಲಿ ಅವೆ, ಎಳ್ಕೊಂಡ್ ಓಯ್ತೀರ. ನಂದು ಇಲ್ಲೇ ಊತ್ಕೊಂಡೈತೆ."

"ಸ್ವಲ್ಪ ದಿನ ಬಾಡಿಗೆ ಮನೆ ನೋಡೋಣ ಅಕ್ಕ, ಕೊಂಬೆ ತೆಗೆಸೋವರೆಗೂ."

"ಬುಟ್ಟು ಓದ್ರೆ ಮತ್ತೆ ಒಳೀಕ್ ಬುಡ್ತಾರಾ ಮೇಡಂ? ಈ ಕಡೆ ಜಾಗಕ್ಕೆ ಬಾಯಿ ಬಿಟ್ಕೊಂಡ್ ಕುಂತವ್ರೆ." ಆಮೇಲೆ ನನ್ನನ್ನೇ ಸಂತೈಸುವಂತೆ ನಕ್ಕರು. "ಕೊಂಬೇನೇ ತೆಗ್ಸಿ. ನಾನೇನ್ ಬ್ಯಾಡ ಅಂದೆನಾ?"

ಅವರ ಅಂಜಿಕೆ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಹಳ್ಳಿ ನಗರಕ್ಕೆ ಸೇರಿತ್ತು. ವಾರ್ಡಿನ ಎಂಜಿನಿಯರು ತೋಪಿನ ಉಸ್ತುವಾರಿ ಕ್ಲಬ್ಬಿನದು ಎಂದರು. ಮರ ಮುಟ್ಟಲು ಸರ್ಕಾರದ ಅನುಮತಿ ಬೇಕೆಂದಿತು ಕ್ಲಬ್ಬು. ಅನುಮತಿ ಕೊಡುವ ಕಚೇರಿಯವರು ಜಾಗದ ಮಾಲೀಕರೇ ಅರ್ಜಿ ಹಾಕಲಿ ಎಂದರು. ಬೇರಿನ ಮೇಲೆ ಕಾಂಕ್ರೀಟು ಹಾಕಲು ಯಾರ ಅನುಮತಿಯೂ ಬೇಕಿರದಿದ್ದ ಮರಕ್ಕೆ, ಒಂದು ಒಣಕೊಂಬೆ ಇಳಿಸಲು ಎಲ್ಲರ ಅನುಮತಿ ಬೇಕಾಯಿತು. ನಾನು ಈ ಮೂರು ಬಾಗಿಲುಗಳ ನಡುವೆ ಓಡಾಡುತ್ತಿದ್ದಂತೆಯೇ ಬೇಸಿಗೆ ಬಂತು.

ಕೊನೆಯ ಕೂಟದ ಮಧ್ಯಾಹ್ನ ಎಲೆ ಅಲುಗದಷ್ಟು ಗಾಳಿ ಸತ್ತಿತ್ತು. ಬೆರಳೆಣಿಕೆಯ ವ್ಯಾನುಗಳು. ಊಟ ಎಂದಿನಂತೆ ಅಕ್ಕನಿಗೇ ಹೇಳಲಾಗಿತ್ತು. ಒಳಗೆ ಅವರು ಮುದ್ದೆ ತೊಳಸುವ ಕೋಲಿನ ಸದ್ದು ನಮಗೆ ಕೇಳುತ್ತಿತ್ತು. ಮಗಳು ಕೆಲಸಕ್ಕೆ ಹೋಗಿದ್ದಳು. ಮೊದಲು ಗಟ್ಟಿ ಬಟ್ಟೆ ಹರಿದಂಥ ದೀರ್ಘ ಸದ್ದು. ಆಮೇಲೆ ನೆಲ ನಡುಗಿತು. ಧೂಳು ಇಳಿಯುವ ಮೊದಲೇ ಜನ ಎದ್ದು ಓಡಿದರು. ಅವರಲ್ಲಿ ಹೆಚ್ಚಿನವರು ಓಡಿದ್ದು ತಮ್ಮ ತಮ್ಮ ವ್ಯಾನುಗಳ ಕಡೆಗೆ.

ನನ್ನ ಗಂಡನೂ ನರ್ಸೂ ಮನೆಯತ್ತ ಓಡಿದರು. ನಾನು ಜಾಕಿಗಳನ್ನು ಹೊತ್ತು ತಂದೆ. ಕೊಂಬೆಯ ಕೆಳಗೆ ಅವನ್ನು ಕೊಟ್ಟು ಒಂದೊಂದೇ ಅಂಗುಲ ಎತ್ತಿ ಅಕ್ಕನನ್ನು ಎಳೆದುಕೊಂಡೆವು. ಕೊಂಬೆಯ ಒಳಗೆ ತಿರುಳೇ ಇರಲಿಲ್ಲ, ಕಾಫಿಪುಡಿಯಂಥ ಹಿಟ್ಟು. ನಮ್ಮ ವ್ಯಾನಿನ ಮಂಚದ ಹಲಗೆ ಕಿತ್ತು ಅದರ ಮೇಲೆ ಅವರನ್ನು ಮಲಗಿಸಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವರು ಕೇಳುತ್ತಿದ್ದದ್ದು ಒಂದೇ: "ಒಲೆ ಆರ್ಸಿದ್ರಾ?"

ಸಂಜೆ ಕ್ಲಬ್ಬಿನಿಂದ ಎಲ್ಲರಿಗೂ ಮೆಸೇಜು ಬಂತು. ದೇವರ ದಯೆಯಿಂದ ಸದಸ್ಯರು ಯಾರಿಗೂ ಏನೂ ಆಗಿಲ್ಲ ಎಂದಿತ್ತು ಅದರಲ್ಲಿ. ಪ್ರಕೃತಿ ವಿಕೋಪ ಎಂಬ ಮಾತೂ ಇತ್ತು. ಮುಂದಿನ ತಿಂಗಳು ಕೂಟ ಕರೆಯಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಮುಚ್ಚಿದ್ದೇವೆಂದು ಯಾರೂ ಹೇಳದೆಯೇ ಕ್ಲಬ್ಬು ಮುಚ್ಚಿಹೋಯಿತು.

ಅಕ್ಕ ಈಗ ಕಾಡುಗೋಡಿ ಮಾರುಕಟ್ಟೆಯ ಹಿಂದಿನ ಕಟ್ಟಡದ ಮೇಲಂತಸ್ತಿನ ಒಂದು ಕೋಣೆಯಲ್ಲಿದ್ದಾರೆ. ಕಡಿದಾದ ಮೆಟ್ಟಿಲುಗಳನ್ನು ಅವರು ಇಳಿಯಲಾರರು. ಮಗಳು ಹೊರಗಿನಿಂದ ಚಿಲಕ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ನಾನು ಹೋದಾಗಲೆಲ್ಲ ಅವರ ಪ್ರಶ್ನೆ ಒಂದೇ.

"ಜಾಗ ಐತಾ ಮೇಡಂ ಇನ್ನ?"

ಇದೆ, ಸದ್ಯಕ್ಕೆ. ಆ ಜಾಗದಲ್ಲಿ ಈಗ ಮನೆಯಿಲ್ಲವಾದ್ದರಿಂದ ಅಕ್ಕನಿಗೆ ಅಲ್ಲಿ ಹಕ್ಕಿಲ್ಲ, ಉಳಿದ ಅಡಿಪಾಯ ಒತ್ತುವರಿ ಎಂದು ವಾರ್ಡ್ ಕಚೇರಿ ನೋಟೀಸು ಅಂಟಿಸಿದೆ. ಇಡೀ ತೋಪನ್ನು ವಾಹನ ನಿಲುಗಡೆಗೆ ಕೊಡುವ ಯೋಜನೆ ಸಿದ್ಧವಾಗುತ್ತಿದೆ. ಉಳಿದ ಮರಗಳ ಬುಡದಲ್ಲೂ ಅಣಬೆ ಎದ್ದಿದೆ. ಅಂಗನವಾಡಿಗೆ ಹೋಗುವ ದಾರಿ ಹಿಪ್ಪೆಯ ಕೆಳಗೇ ಹಾದುಹೋಗುತ್ತದೆ. ಮೊನ್ನೆ ಗಾಳಿಯಿಲ್ಲದ ಹೊತ್ತಿನಲ್ಲಿ ಅದರ ಕೆಳಗೆ ನಿಂತಾಗ, ಒಳಗೆಲ್ಲೋ ಏನೋ ಸರಿದಂಥ ಸಣ್ಣ ಸದ್ದು ಕೇಳಿಸಿತು.

ಆದ್ದರಿಂದ ಕ್ಲಬ್ಬಿನ ಅಂದಿನ ಅಧ್ಯಕ್ಷರಿಗೆ, ಕೈ ಎತ್ತಿದ ಪದಾಧಿಕಾರಿಗಳಿಗೆ, ಉಸ್ತುವಾರಿ ಬರೆದುಕೊಟ್ಟ ಅಂದಿನ ಪಂಚಾಯಿತಿ ಸದಸ್ಯರಿಗೆ ಮತ್ತು ವಾರ್ಡಿನ ಎಂಜಿನಿಯರಿಗೆ ಹೇಳುತ್ತೇನೆ. ನಿಮ್ಮ ವಿಷಾದ ನನಗೂ ಬೇಡ, ಅಕ್ಕನಿಗೂ ಬೇಡ. ಒತ್ತುವರಿ ನೋಟೀಸನ್ನು ಹಿಂದಕ್ಕೆ ಪಡೆಯಿರಿ. ಅದೇ ಜಾಗದಲ್ಲಿ, ಮೆಟ್ಟಿಲಿಲ್ಲದ, ಊರುಗೋಲು ಹಿಡಿದವರು ಒಳಹೊರಗೆ ಓಡಾಡಬಲ್ಲ ಅಗಲ ಬಾಗಿಲಿನ ಮನೆಯನ್ನು ನಿಮ್ಮ ಖರ್ಚಿನಲ್ಲಿ ಕಟ್ಟಿಸಿ, ಹಕ್ಕುಪತ್ರವನ್ನು ಅವರ ಹೆಸರಿಗೆ ಮಾಡಿಸಿ ಕೈಗೆ ಕೊಡಿ. ತೋಪಿನ ಒಣಕೊಂಬೆಗಳನ್ನು ಇಳಿಸಿ, ನಿಂತಿರುವ ಪ್ರತಿ ಮರದ ಬುಡದ ಕಾಂಕ್ರೀಟನ್ನು ಒಂದು ಮಾರು ಅಗಲಕ್ಕೆ ಒಡೆಸಿ. ಇದೆಲ್ಲ ಈ ಮುಂಗಾರು ಬೀಳುವುದರೊಳಗೆ ಆಗಬೇಕು.